ಲೈಟ್ ಆರಿಸಿದ ಮೇಲೆ ಕಂಡ ಗೊಂಬೆ

ನಾನು ಕೊಪ್ಪಳ ಜಿಲ್ಲೆಯವನು. ನಾನು ನೋಡಿದ ಮೊದಲ ಪರದೆ ಟಾಕೀಸಿನದ್ದಲ್ಲ, ತೊಗಲುಗೊಂಬೆಯವರದ್ದು. ಮಳೆ ತಡವಾದರೆ ಊರವರು ಆಟ ಆಡಿಸುತ್ತಿದ್ದರು. ನಾವು ರಾತ್ರಿಯೆಲ್ಲ ಗೋಣಿಚೀಲದ ಮೇಲೆ ಕೂತು ನೋಡುತ್ತಿದ್ದೆವು.

ಆಮೇಲೆ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಸೀರಿಯಲ್‌ನಲ್ಲಿ ಸಹಾಯಕ ನಿರ್ದೇಶಕನಾದೆ. ಕೈಗೆ ಬಂದದ್ದು ಕ್ಲಾಪ್ ಬೋರ್ಡು, ಕಂಟಿನ್ಯೂಟಿ ಪುಸ್ತಕ. ಲೋಟದಲ್ಲಿ ಹಾಲು ಎಷ್ಟಿತ್ತು, ಸೆರಗು ಯಾವ ಹೆಗಲ ಮೇಲಿತ್ತು, ಎಲ್ಲ ಬರೆದಿಡಬೇಕು. ಅರ್ಧ ಗಂಟೆಯ ಕಂತಿಗೆ ಜಾಹೀರಾತು ಕಳೆದು ಸುಮಾರು 22 ನಿಮಿಷ ಬೇಕು. ಹೆಚ್ಚುಕಮ್ಮಿ ಅಷ್ಟನ್ನೂ ಒಂದೇ ದಿನದಲ್ಲಿ ತೆಗೆಯುತ್ತಿದ್ದೆವು. ಶಾಟ್‌ಗೊಮ್ಮೆ ಲೈಟ್ ಬದಲಿಸಲು ಹೊತ್ತಿಲ್ಲ, ಅದಕ್ಕೇ ಸೆಟ್‌ನಲ್ಲಿ ಎಲ್ಲ ಕಡೆಯಿಂದ ಬೆಳಕು. ಮುಖಕ್ಕೆ ನೆರಳು ಬೀಳಬಾರದು. ಕಂತು ನಿರ್ದೇಶಕನಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಗೊಂಬೆಯಾಟದ ಮೇಲೆ ಸಾಕ್ಷ್ಯಚಿತ್ರ ಮಾಡಲು ಊರ ಕಡೆ ಬಂದಾಗ ತಪ್ಪು ಮಾಡಿದ್ದೂ ಅಲ್ಲೇ. ಪರದೆ ಎದುರು ಎರಡು ಎಲ್‌ಇಡಿ ಇಟ್ಟೆ. ಗೊಂಬೆಯ ಕೆಂಪು, ಹಸಿರು ಎಲ್ಲ ಸತ್ತುಹೋಯಿತು. ಆಟದ ಹಿರಿಯರು, "ಬೆಳಕು ಹಿಂದಿಂದ ಬರಬೇಕಪ್ಪಾ" ಅಂದರು. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿರುತ್ತಾರೆ. ಬಣ್ಣ ಕಾಣಬೇಕಾದರೆ ಬೆಳಕು ಅದರೊಳಗಿಂದ ದಾಟಿ ಬರಬೇಕು, ಅಲ್ವಾ?

ಎಲ್ಲ ಲೈಟ್ ಆರಿಸಿದೆ. ಹಿಂದೆ ಎಣ್ಣೆ ದೀಪ ಹಚ್ಚಿಸಿದೆ. ಹೆಚ್ಚು ಬೆಳಕು ಒಳಬರಲೆಂದು ಲೆನ್ಸನ್ನು 1.4ಕ್ಕೆ ಅಗಲವಾಗಿ ತೆರೆದು, ಕ್ಯಾಮೆರಾ ಬೆಳಕನ್ನು ಗ್ರಹಿಸುವ ಮಟ್ಟವನ್ನು (ಐಎಸ್‌ಒ) 3200ಕ್ಕೆ ಏರಿಸಿದೆ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳಾದ ಚುಕ್ಕಿ ಬಂತು, ಬರಲಿ ಎಂದು ಬಿಟ್ಟೆ. ಗಾಳಿಗೆ ದೀಪ ಅಲುಗಿದಾಗ ಗೊಂಬೆ ಉಸಿರಾಡಿದಂತೆ ಕಂಡಿತು. ಅದನ್ನು ಯಾವ ಲೈಟೂ ಕೊಡುವುದಿಲ್ಲ.

ಎಡಿಟಿಂಗ್‌ನಲ್ಲಿ ಇನ್ನೊಂದು ತೊಡಕು. ಪರದೆಯ ಮುಂದೊಂದು, ಹಿಂದೊಂದು ಕ್ಯಾಮೆರಾ ಇಟ್ಟಿದ್ದೆ. ಮುಂದಿನಿಂದ ನೋಡಿದರೆ ಹನುಮ ಎಡದಿಂದ ಬರುತ್ತಾನೆ, ಹಿಂದಿನಿಂದ ನೋಡಿದರೆ ಬಲದಿಂದ. ಎರಡನ್ನೂ ಸುಮ್ನೆ ಜೋಡಿಸಿದರೆ ಅವನು ಲಂಕೆಗೆ ಹೋಗುತ್ತಿದ್ದಾನೋ ವಾಪಸ್ ಬರುತ್ತಿದ್ದಾನೋ ತಿಳಿಯುವುದಿಲ್ಲ. ಮತ್ತೆ ಊರಿಗೆ ಹೋದೆ. ಪರದೆಯ ಅಂಚಿನಲ್ಲಿ ನಿಂತು, ಗೊಂಬೆಯ ಬಿದಿರು ಕಡ್ಡಿ ಹಿಡಿದ ಕೈಗಳನ್ನು ಪಕ್ಕದಿಂದ ತೆಗೆದೆ. ಆ ಶಾಟ್ ನಡುವೆ ಇಟ್ಟ ಮೇಲೆ ಎರಡೂ ಬದಿ ಕೂಡಿಕೊಂಡವು. ಇಡೀ ಚಿತ್ರದಲ್ಲಿ ನನಗೆ ಅದೇ ಜಾಸ್ತಿ ಇಷ್ಟ.

2025ರಲ್ಲಿ ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಸುದ್ದಿ ಕೇಳಿ ಕಣ್ಣು ತುಂಬಿತು. ಅದೇ ವಾರ ನನ್ನ ಚಿತ್ರವನ್ನು ಆಟದವರ ಅಂಗಳದಲ್ಲೇ ತೋರಿಸಿದೆ. ಅವರದೇ ಬಿಳಿ ಪರದೆ. ನನಗೆ ಬೆಳಕಿನ ಮಾತು ಹೇಳಿದ ಆ ಹಿರಿಯರು ತಮ್ಮ ಆಟವನ್ನು ಎದುರಿಗೆ ಕೂತು ನೋಡಿದ್ದು ಅವತ್ತೇ ಮೊದಲು. ಮಾತಾಡದೆ ನೋಡಿದರು. ನಡುವೆ ಒಮ್ಮೆ ಕೈಯೆತ್ತಿ ನಿಲ್ಲಿಸಿ ಎಂದರು.

"ಇಲ್ಲಿ ಹನುಮಪ್ಪನ್ನ ತಡ ಮಾಡಿ ತಂದೀನಿ. ಮುಂದಿನ ಆಟಕ್ಕ ಸರಿ ಮಾಡ್ತೀನಿ."