ಸಮವಸ್ತ್ರದ ನಿಯಮ ತಿದ್ದುವ ಬಗೆ: ಶಾಲೆಯ ಮುಖ್ಯಸ್ಥರಿಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೂ

ಎಂಟನೇ ತರಗತಿಗೆ ಬಂದ ಹುಡುಗಿಯೊಬ್ಬಳು ಚೂಡಿದಾರ್ ಬೇಡ, ಪ್ಯಾಂಟು ಶರ್ಟು ಹಾಕಿಕೊಂಡು ಬರುತ್ತೇನೆ ಎನ್ನುತ್ತಾಳೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಭುಜದವರೆಗೆ ಕೂದಲು ಬಿಟ್ಟು, ಕಣ್ಣಿಗೆ ಕಾಡಿಗೆ ತೀಡಿಕೊಂಡು ಬರುತ್ತಾನೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಶಾಲೆಗಳಿಗೆ ಇಂಥ ಮಕ್ಕಳು ಹೊಸಬರೇನಲ್ಲ. ಆದರೂ ಅವರು ಎದುರಾದಾಗ ಮಗುವನ್ನು ಪ್ರಾರ್ಥನೆಯ ಸಾಲಿನಿಂದ ಆಚೆ ನಿಲ್ಲಿಸುವುದು, ಅಪ್ಪನನ್ನು ಕರೆದುಕೊಂಡು ಬಾ ಎನ್ನುವುದು, ಅಪ್ಪ ಬಂದು ಎಲ್ಲರೆದುರು ಬಯ್ಯುವುದು, ಮಗು ಆಮೇಲೆ ಕೆಲವು ದಿನ ಶಾಲೆಯತ್ತ ಸುಳಿಯದಿರುವುದು, ಇವು ಒಂದರ ಹಿಂದೊಂದರಂತೆ ನಡೆದುಹೋಗುತ್ತವೆ. ಇಷ್ಟೆಲ್ಲ ಆದರೂ, ಆ ಮಗು ಮುರಿದ ನಿಯಮ ಯಾವುದು ಎಂದು ಕಡತ ತೆಗೆದು ನೋಡುವವರು ವಿರಳ. ಆದ್ದರಿಂದ ಕೆಲಸವನ್ನು ಕಡತದಿಂದಲೇ ಆರಂಭಿಸಬೇಕು.

ಮೊದಲು ಕಾಗದ ಹುಡುಕಿ

ನಿಮ್ಮ ಶಾಲೆಯಲ್ಲಿ ಸಮವಸ್ತ್ರದ ಬಗ್ಗೆ ಬರಹದಲ್ಲಿರುವುದೆಲ್ಲವನ್ನೂ ಒಂದೆಡೆ ಸೇರಿಸಿ. ಪ್ರವೇಶದ ಅರ್ಜಿಯ ಹಿಂಬದಿ, ದಿನಚರಿ ಪುಸ್ತಕದ ಮೊದಲ ಪುಟಗಳು, ಎಸ್‌ಡಿಎಂಸಿ ಅಥವಾ ಆಡಳಿತ ಮಂಡಳಿಯ ನಡಾವಳಿ ಪುಸ್ತಕ, ಸೂಚನಾ ಫಲಕಕ್ಕೆ ಅಂಟಿಸಿದ ಹಾಳೆ, ಇವಿಷ್ಟನ್ನು ನೋಡಿದರೆ ಸಾಕಾಗುತ್ತದೆ. ಬಣ್ಣವನ್ನು ಖಚಿತವಾಗಿ ಹೇಳಿರುವ ಶಾಲೆಗಳು ಕೂದಲು, ಓಲೆ, ಬಳೆಗಳ ವಿಚಾರವನ್ನು ಬಾಯಿಮಾತಿಗೆ ಬಿಟ್ಟಿರುತ್ತವೆ. ಬಾಯಿಮಾತಿನ ನಿಯಮವು ಅದನ್ನು ಹೇಳುವ ಮೇಷ್ಟ್ರ ಮನೋಧರ್ಮಕ್ಕೆ ತಕ್ಕಂತೆ ಬದಲಾಗುವುದರಿಂದ, ಅದರ ಆಧಾರದ ಮೇಲೆ ಮಗುವನ್ನು ದಂಡಿಸುವುದನ್ನು ಅಂದೇ ನಿಲ್ಲಿಸುವುದು ಒಳ್ಳೆಯದು.

ಕಾನೂನಿನ ಚೌಕಟ್ಟು ಹೆಚ್ಚು ಜಟಿಲವಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಅಡಿಯಲ್ಲಿ ರೂಪಿಸಿದ 1995ರ ನಿಯಮಗಳ ಪೈಕಿ 11ನೇ ನಿಯಮವು, ಮಾನ್ಯತೆ ಪಡೆದ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ತನ್ನದೇ ಸಮವಸ್ತ್ರವನ್ನು ಗೊತ್ತುಪಡಿಸಬಹುದು ಎಂದು ಹೇಳುತ್ತದೆ. ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಮುಂದಿನ 5 ವರ್ಷ ಬದಲಿಸುವಂತಿಲ್ಲ. ಬದಲಿಸಬೇಕೆಂದಾಗ ಪೋಷಕರಿಗೆ ಕನಿಷ್ಠ 1 ವರ್ಷ ಮುಂಚಿತವಾಗಿ ತಿಳಿಸಬೇಕು. ಬಣ್ಣವನ್ನೂ ಬಟ್ಟೆಯನ್ನೂ ಹಾಗೆಯೇ ಉಳಿಸಿ, ಪಟ್ಟಿಯಲ್ಲಿ ಈಗಾಗಲೇ ಇರುವ ಉಡುಪುಗಳ ಪೈಕಿ ಯಾವುದನ್ನು ಯಾರು ಬೇಕಾದರೂ ತೊಡಬಹುದು ಎಂದಷ್ಟೇ ಸೇರಿಸಿದರೆ ಅದು ಸಮವಸ್ತ್ರದ ಬದಲಾವಣೆ ಆಗುವುದಿಲ್ಲ ಎಂಬುದು ನನ್ನ ಓದು. ಆದರೆ ತಗಾದೆ ಎತ್ತುವವರು ಎಲ್ಲ ಕಡೆಯೂ ಇರುವುದರಿಂದ ಒಂದು ವರ್ಷದ ತಿಳಿವಳಿಕೆ ಪತ್ರವನ್ನು ಹೊರಡಿಸಿಯೇ ಮುಂದುವರಿಯುವುದು ಜಾಣತನ. ಸರ್ಕಾರಿ ಶಾಲೆಗಳಲ್ಲಿ ವಿದ್ಯಾವಿಕಾಸ ಯೋಜನೆಯ ಉಚಿತ ಸಮವಸ್ತ್ರದ ಬಟ್ಟೆ ಮೇಲಿನಿಂದಲೇ ಬರುವುದರಿಂದ ಅಲ್ಲಿ ಶಾಲೆಗೆ ಇರುವ ಅವಕಾಶ ಕಡಿಮೆ. ಅಂಥ ಕಡೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರಹದಲ್ಲಿ ಕೇಳಿಕೊಂಡು, ಬಂದ ಬಟ್ಟೆಯನ್ನೇ ಬೇರೆ ಮಾದರಿಯಲ್ಲಿ ಹೊಲಿಸಿಕೊಳ್ಳಲು ಅನುಮತಿ ಪಡೆಯುವುದು ಸರಿಯಾದ ಮಾರ್ಗ.

ಇನ್ನೊಂದು ಕಡೆಯಿಂದ ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು (ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹೂಡಿದ ಪ್ರಕರಣದ್ದು) ಇದೆ. ವ್ಯಕ್ತಿಯು ತನ್ನ ಲಿಂಗತ್ವವನ್ನು ಉಡುಪು, ಮಾತು, ನಡವಳಿಕೆಗಳ ಮೂಲಕ ತೋರಿಕೊಳ್ಳುವುದು ಸಂವಿಧಾನದ 19(1)(ಎ) ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಅದು ಹೇಳಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ 3ನೇ ಕಲಮು ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. 13ನೇ ಕಲಮು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳು ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ನೀಡಬೇಕೆನ್ನುತ್ತದೆ. ಹಾಗೆಂದು ಪ್ಯಾಂಟು ಬೇಕೆಂದ ಹುಡುಗಿಯನ್ನು ಆ ಕಾಯ್ದೆಯ ವ್ಯಾಪ್ತಿಗೆ ಎಳೆತಂದು ಹೆಸರಿಡುವ ಅಗತ್ಯವಿಲ್ಲ. ಅವಳಿಗೆ ಸೈಕಲ್ ತುಳಿಯಲು ಪ್ಯಾಂಟು ಅನುಕೂಲವಾಗಿರಬಹುದು, ವೇಲ್ ಪದೇ ಪದೇ ಜಾರುವುದು ಕಿರಿಕಿರಿಯಾಗಿರಬಹುದು, ಅಥವಾ ತಾನು ಹುಡುಗಿಯೇ ಅಲ್ಲ ಎಂದು ಅನ್ನಿಸಿರಬಹುದು. ಸರಿಯಾಗಿ ಬರೆದ ನಿಯಮಕ್ಕೆ ಈ ಕಾರಣಗಳಲ್ಲಿ ಯಾವುದನ್ನೂ ಕೇಳುವ ಪ್ರಮೇಯವೇ ಬರುವುದಿಲ್ಲ.

ಸಭೆಯಲ್ಲಿ ಯಾರಾದರೂ 2022ರ ಹಿಜಾಬ್ ಪ್ರಕರಣವನ್ನು ತಂದೇ ತರುತ್ತಾರೆ. ಅದು ಧಾರ್ಮಿಕ ಉಡುಪಿನ ಪ್ರಶ್ನೆ. ಅದರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವು 2022ರ ಅಕ್ಟೋಬರ್ 13ರಂದು ಭಿನ್ನ ತೀರ್ಪು ಕೊಟ್ಟಿತು. ಆ ಚರ್ಚೆಗೆ ಇಲ್ಲಿ ಎಡೆ ಕೊಟ್ಟರೆ ಸಭೆ ಮುಗಿದರೂ ಕೆಲಸ ಮುಗಿಯುವುದಿಲ್ಲ.

ನಿಯಮವನ್ನು ಬರೆಯುವುದು

ಹಳೆಯ ನಿಯಮದಲ್ಲಿ ಸಾಮಾನ್ಯವಾಗಿ ಎರಡು ಶೀರ್ಷಿಕೆಗಳಿರುತ್ತವೆ: ಬಾಲಕರು, ಬಾಲಕಿಯರು. ಆ ಎರಡನ್ನೂ ತೆಗೆದುಹಾಕಿ, ಕೆಳಗಿನ ಉಡುಪುಗಳನ್ನು ಮಾತ್ರ ಉಳಿಸಿದರೆ ಮುಕ್ಕಾಲು ಪಾಲು ಕೆಲಸ ಅಲ್ಲಿಗೆ ಮುಗಿಯುತ್ತದೆ. ನಿಯಮದ ಮಾತು ಈ ರೀತಿ ಇರಬಹುದು: ‘ಶಾಲೆಯ ಸಮವಸ್ತ್ರವು ಆಕಾಶನೀಲಿ ಮೇಲುಡುಪು ಮತ್ತು ಗಾಢನೀಲಿ ಕೆಳ ಉಡುಪನ್ನು ಒಳಗೊಂಡಿರುತ್ತದೆ. ಮೇಲುಡುಪು ಶರ್ಟು ಅಥವಾ ಕಮೀಜು ಆಗಿರಬಹುದು. ಕೆಳ ಉಡುಪು ಪ್ಯಾಂಟು, ಮೊಣಕಾಲು ಮುಚ್ಚುವ ಚಡ್ಡಿ, ಮೊಣಕಾಲು ಮುಚ್ಚುವ ಲಂಗ ಅಥವಾ ಸಲ್ವಾರ್ ಆಗಿರಬಹುದು. ಇವುಗಳಲ್ಲಿ ಯಾವುದನ್ನಾದರೂ ಯಾವ ವಿದ್ಯಾರ್ಥಿಯಾದರೂ ತೊಡಬಹುದು.’ ಬಣ್ಣ ನಿಮ್ಮ ಶಾಲೆಯದು; ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ‘ವಿಶೇಷ ಸಂದರ್ಭದಲ್ಲಿ ಮುಖ್ಯ ಶಿಕ್ಷಕರ ಅನುಮತಿಯೊಂದಿಗೆ’ ಎಂಬ ಬಾಲವನ್ನು ಅದಕ್ಕೆ ಅಂಟಿಸಿದರೆ ಮಗು ಮತ್ತೆ ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ಕಾರಣ ಹೇಳುತ್ತಾ ನಿಲ್ಲಬೇಕಾಗುತ್ತದೆ.

ಎಲ್ಲರಿಗೂ ಪ್ಯಾಂಟನ್ನೇ ಕಡ್ಡಾಯ ಮಾಡಿಬಿಟ್ಟರೆ ಸಮಾನತೆ ಬಂದೀತಲ್ಲ ಎಂಬ ಸಲಹೆಯೂ ಬರುತ್ತದೆ. ಕೇರಳದ ಎರ್ನಾಕುಲಂ ಜಿಲ್ಲೆಯ ವಳಯನ್‌ಚಿರಂಗರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಶರ್ಟು ಮತ್ತು ಮುಕ್ಕಾಲು ಚಡ್ಡಿಯನ್ನು ಜಾರಿಗೆ ತಂದಾಗ ಪೋಷಕರು ಒಪ್ಪಿದರು. ಚಿಕ್ಕ ಮಕ್ಕಳಿಗೆ ಆಟವಾಡಲು ಅದು ಹಗುರವಾಗಿಯೂ ಇತ್ತು. 2021ರ ಡಿಸೆಂಬರಿನಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆ ಪ್ಯಾಂಟು ಶರ್ಟನ್ನು ತಂದಾಗ ಮಾತ್ರ ಪ್ರತಿಭಟನೆ ನಡೆಯಿತು, ಮುಂದೆ ಸರ್ಕಾರವೇ ಇಂಥ ಸಮವಸ್ತ್ರವನ್ನು ಯಾರ ಮೇಲೂ ಹೇರುವುದಿಲ್ಲ ಎಂದು ಹೇಳಬೇಕಾಯಿತು. ಒಂದೇ ಉಡುಪನ್ನು ಎಲ್ಲರಿಗೂ ಕಡ್ಡಾಯ ಮಾಡಿದರೆ ಪ್ಯಾಂಟು ಬೇಕೆಂದ ಹುಡುಗಿಗೆ ಅನುಕೂಲವಾದೀತು. ಚೂಡಿದಾರ್ ಬೇಕೆಂದ ಹುಡುಗನಿಗೂ, ಚೂಡಿದಾರ್ ಬಿಟ್ಟು ಬೇರೇನೂ ಒಲ್ಲದ ಹುಡುಗಿಗೂ ಅದು ಇನ್ನೊಂದು ಬಲವಂತವೇ. ಇಂಗ್ಲೆಂಡಿನ ಎಕ್ಸೆಟರ್ ನಗರದ ಶಾಲೆಯೊಂದರಲ್ಲಿ 2017ರ ಜೂನ್ ತಿಂಗಳ ಸೆಕೆಯಲ್ಲಿ ಹುಡುಗರಿಗೆ ಚಡ್ಡಿ ನಿರಾಕರಿಸಿದಾಗ, ಅವರು ನಿಯಮದಲ್ಲಿದ್ದ ಲಂಗವನ್ನೇ ತೊಟ್ಟು ಬಂದರು. ಅಲ್ಲಿಯ ಸೆಕೆಗೇ ಹಾಗಾದರೆ ಮಾರ್ಚ್ ಕೊನೆಯ ಚಳ್ಳಕೆರೆಯ ಬಿಸಿಲಿಗೆ ಏನು ಹೇಳೋಣ! ಟೆರಿಕಾಟ್ ಬಿಟ್ಟು ಹತ್ತಿ ಹೆಚ್ಚಿರುವ ಬಟ್ಟೆ ಆರಿಸುವ ಮಾತನ್ನೂ ಇದೇ ಸಭೆಯಲ್ಲಿ ಎತ್ತಿಬಿಡಿ.

ಹೊಲಿಗೆಯ ಕಡೆಗೂ ಒಂದಿಷ್ಟು ಗಮನ ಬೇಕು. ಖಾಸಗಿ ಶಾಲೆಗಳು ದಾವಣಗೆರೆಯ ಚೌಕಿಪೇಟೆಯಂಥ ಕಡೆ ಅಂಗಡಿಯವರೊಂದಿಗೆ ಮೊದಲೇ ಮಾತಾಡಿಕೊಂಡಿರುತ್ತವೆ. ಅಂಗಡಿಯವರು ಅಳತೆಗಳನ್ನು ಗಂಡು, ಹೆಣ್ಣು ಎಂದು ವಿಂಗಡಿಸಿಟ್ಟಿರುತ್ತಾರೆ. ಸೊಂಟದ ಸುತ್ತಳತೆ ಮತ್ತು ಉದ್ದದ ಮೇಲೆ ಪ್ಯಾಂಟು ಕೊಡಿ ಎಂದು ಅವರಿಗೆ ಪತ್ರದಲ್ಲಿ ತಿಳಿಸದಿದ್ದರೆ, ಶಾಲೆಯಲ್ಲಿ ತಪ್ಪಿದ ಅವಮಾನ ಅಂಗಡಿಯ ಗಲ್ಲೆಯ ಎದುರು ಆಗುತ್ತದೆ. ಯಾವ ಉಡುಪನ್ನು ಆರಿಸಿದರೂ ಬೆಲೆಯಲ್ಲಿ ದೊಡ್ಡ ಅಂತರ ಇರಬಾರದು.

ಕೂದಲು, ಓಲೆ, ಕಾಡಿಗೆ

ನಿಜವಾದ ಜಗಳ ನಡೆಯುವುದು ಬಟ್ಟೆಯ ಮೇಲಲ್ಲ, ತಲೆಯ ಮೇಲೆ. ಹುಡುಗಿಗೆ ಎರಡು ಜಡೆ ಮತ್ತು ರಿಬ್ಬನ್, ಹುಡುಗನಿಗೆ ಕಿವಿಯ ಮೇಲಕ್ಕೆ ಕಟಿಂಗ್ ಎಂಬುದು ನಮ್ಮ ಕಡೆಯ ಶಾಲೆಗಳ ಬರೆಯದ ಸಂವಿಧಾನ. ಕೂದಲ ನಿಯಮಕ್ಕೆ ಶಾಲೆ ಕೊಡಬಹುದಾದ ಸಮರ್ಥನೆಗಳು ಸ್ವಚ್ಛತೆ, ಪ್ರಯೋಗಾಲಯದಲ್ಲಿ ಬೆಂಕಿಯ ಭಯ, ಆಟದಲ್ಲಿ ಕಣ್ಣಿಗೆ ಅಡ್ಡ ಬರುವುದು, ಇಷ್ಟೇ. ಈ ಮೂರೂ ಹುಡುಗಿಯ ಕೂದಲಿಗೂ ಹುಡುಗನ ಕೂದಲಿಗೂ ಒಂದೇ ರೀತಿ ಅನ್ವಯಿಸುತ್ತವೆ. ಹಾಗಾಗಿ ‘ಕೂದಲು ಸ್ವಚ್ಛವಾಗಿರಬೇಕು, ಭುಜ ದಾಟಿದ ಕೂದಲನ್ನು ಕಟ್ಟಿಕೊಂಡಿರಬೇಕು’ ಎಂಬ ಒಂದು ಸಾಲು ಎಲ್ಲರಿಗೂ ಸಾಕು. ಗಿಡ್ಡ ಕೂದಲಿನ ಹುಡುಗಿಯನ್ನು ಕೂದಲು ಬೆಳೆಸು ಎನ್ನಲು ಆ ಸಾಲಿನಲ್ಲಿ ಆಧಾರ ಸಿಗುವುದಿಲ್ಲ, ಸಿಗಲೂಬಾರದು.

ಶಿಕ್ಷಕರೇ ಕತ್ತರಿ ಹಿಡಿಯುವ ಪದ್ಧತಿಯನ್ನು ಕುರಿತು ಮುಲಾಜಿಲ್ಲದೆ ಹೇಳಬೇಕು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಮಗುವಿನ ಕೂದಲನ್ನು ಅಡ್ಡಾದಿಡ್ಡಿ ಕತ್ತರಿಸಿ, ಕ್ಷೌರದಂಗಡಿಗೆ ಹೋಗಲೇಬೇಕಾದಂತೆ ಮಾಡುವುದನ್ನು ಕೆಲವರು ಶಿಸ್ತು ಎಂದುಕೊಂಡಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಹಿಂಸೆ ಕೊಟ್ಟರೆ ಬಾಲನ್ಯಾಯ ಕಾಯ್ದೆ, 2015ರ 75ನೇ ಕಲಮು ಇದೆ. ಹೊಸ ನಿಯಮದಲ್ಲಿ ‘ಉಡುಪು ಅಥವಾ ಕೂದಲಿನ ಕಾರಣಕ್ಕೆ ಯಾವ ಮಗುವನ್ನೂ ಸಾಲಿನಿಂದ, ತರಗತಿಯಿಂದ ಅಥವಾ ಪರೀಕ್ಷೆಯಿಂದ ಹೊರಗಿಡತಕ್ಕದ್ದಲ್ಲ, ಮಗುವಿನ ಕೂದಲಿಗಾಗಲಿ ಮೈಮೇಲಿನ ವಸ್ತುವಿಗಾಗಲಿ ಸಿಬ್ಬಂದಿ ಕೈ ಹಾಕತಕ್ಕದ್ದಲ್ಲ’ ಎಂದು ಬರೆದು, ಎಲ್ಲ ಸಿಬ್ಬಂದಿಯ ಸಹಿ ಪಡೆಯಿರಿ. ದೈಹಿಕ ಶಿಕ್ಷಕರ ಸಹಿಯನ್ನು ಮರೆಯದೆ ಪಡೆಯಿರಿ.

ಆಭರಣ, ಕಾಡಿಗೆ, ಉಗುರು ಬಣ್ಣಗಳಿಗೂ ಇದೇ ತೂಕ. ಹುಡುಗಿಯರಿಗೆ ಕಾಡಿಗೆಗೆ ಅವಕಾಶವಿದ್ದರೆ ಹುಡುಗರಿಗೂ ಇರಲಿ. ಬೇಡವೆಂದರೆ ಇಬ್ಬರಿಗೂ ಬೇಡ.

ಮಗುವಿನೊಂದಿಗೆ, ಮನೆಯವರೊಂದಿಗೆ

ನಿಯಮ ಸರಿಯಾದ ಮೇಲೂ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ ಆ ಮಗುವಿನೊಂದಿಗೆ ಕುಳಿತು ಮಾತಾಡಬೇಕಾಗುತ್ತದೆ. ಮಗುವಿಗೆ ನಂಬಿಕೆ ಇರುವವರು ಅದನ್ನು ಮಾಡಲಿ. ಮುಖ್ಯ ಶಿಕ್ಷಕರೇ ಆಗಬೇಕೆಂದಿಲ್ಲ. ಕೇಳಬೇಕಾದ ಪ್ರಶ್ನೆಗಳು ಚಿಕ್ಕವು: ತರಗತಿಯಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ, ಯಾವ ಹೆಸರಿನಿಂದ ಕರೆದರೆ ಇಷ್ಟ, ಮನೆಯಲ್ಲಿ ಈ ಬಟ್ಟೆಯ ವಿಷಯ ಗೊತ್ತೇ. ‘ನೀನು ಹೀಗೇಕೆ’ ಎಂದು ಕೇಳಬೇಡಿ. ಹದಿಮೂರು ಹದಿನಾಲ್ಕರ ಮಗುವಿಗೆ ಅದರ ಉತ್ತರ ಗೊತ್ತಿರಲೇಬೇಕೆಂದಿಲ್ಲ, ಗೊತ್ತಿದ್ದರೂ ನಿಮಗೆ ಹೇಳಬೇಕೆಂದಿಲ್ಲ.

ಮನೆಯ ಪ್ರಶ್ನೆಯೇ ಅತ್ಯಂತ ಸೂಕ್ಷ್ಮವಾದದ್ದು. ಮನೆಯಿಂದ ಚೂಡಿದಾರಿನಲ್ಲಿ ಹೊರಟು, ಶಾಲೆಯಲ್ಲಿ ಪ್ಯಾಂಟು ಬದಲಿಸಿಕೊಳ್ಳುವ ಮಕ್ಕಳಿರುತ್ತಾರೆ. ಅದನ್ನು ಕಂಡೊಡನೆ ಅಪ್ಪನಿಗೆ ಫೋನ್ ಮಾಡುವುದು ಹಲವು ಶಿಕ್ಷಕರಿಗೆ ಕರ್ತವ್ಯವೆನಿಸುತ್ತದೆ. ಆ ಫೋನ್ ಕರೆಯ ನಂತರ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಶಾಲೆಯ ಕೈಯಲ್ಲಿಲ್ಲ: ಏಟು, ಶಾಲೆ ಬಿಡಿಸುವುದು, ಹುಡುಗಿಯಾದರೆ ಗಡಿಬಿಡಿಯಲ್ಲಿ ಮದುವೆ ನಿಶ್ಚಯಿಸುವುದು, ಇವೆಲ್ಲ ಈ ಸೀಮೆಯಲ್ಲಿ ಊಹಿಸಲಾಗದ ಸಂಗತಿಗಳಲ್ಲ. ಮಗುವನ್ನು ಕೇಳದೆ ಮನೆಗೆ ತಿಳಿಸಬಾರದು ಎಂಬುದನ್ನು ಸಾಮಾನ್ಯ ನಿಯಮವಾಗಿ ಇಟ್ಟುಕೊಳ್ಳಿ. ಮಗುವಿನ ಜೀವಕ್ಕೆ ಅಥವಾ ದೇಹಕ್ಕೆ ಅಪಾಯವಿದೆ ಎನಿಸಿದಾಗ 1098 ಮಕ್ಕಳ ಸಹಾಯವಾಣಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ತಿಳಿಸುವುದು ಸರಿ. ಬಟ್ಟೆ ಬದಲಿಸಿದ್ದು ಅಂಥ ಅಪಾಯವಲ್ಲ.

ಪೋಷಕರ ಸಭೆಯಲ್ಲಿ ಯಾವ ಮಗುವಿನ ಹೆಸರೂ, ತರಗತಿಯೂ, ಸುಳಿವೂ ಬರಕೂಡದು. ನಿಯಮವನ್ನು ಆರೋಗ್ಯ, ಹವಾಮಾನ, ಆಟ, ಖರ್ಚುಗಳ ನೆಲೆಯಿಂದ ಮಂಡಿಸಿ. ಅವೆಲ್ಲ ನಿಜವಾದ ಕಾರಣಗಳೇ ಆಗಿರುವುದರಿಂದ ಮುಚ್ಚುಮರೆಯ ಮಾತು ಬರುವುದಿಲ್ಲ. ‘ಇದು ನಮ್ಮ ಸಂಸ್ಕೃತಿಯಲ್ಲ ಸಾರ್’ ಎಂದು ಯಾರಾದರೂ ಎದ್ದು ನಿಂತರೆ, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬಯಲಾಟಗಳಲ್ಲಿ ಗಂಡಸರೇ ಸೀರೆಯುಟ್ಟು ದ್ರೌಪದಿಯಾಗುವುದನ್ನೂ, ಪಕ್ಕದ ಬಳ್ಳಾರಿ ಸೀಮೆಯ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದದ್ದನ್ನೂ ನೆನಪಿಸಬಹುದು. ಆದರೆ ಈ ವಾದಕ್ಕೆ ಹೆಚ್ಚು ಭಾರ ಹಾಕಬೇಡಿ. ಜಾತ್ರೆಯಲ್ಲಿ ಜೋಗಪ್ಪನ ಕಾಲು ಮುಟ್ಟುವವರೇ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡು ಮುಖ ತಿರುಗಿಸುವುದನ್ನು ಸಭೆಯಲ್ಲಿರುವ ಎಲ್ಲರೂ ಬಲ್ಲರು. ರಂಗದ ಮೇಲೆ ಸಿಗುವ ಒಪ್ಪಿಗೆ ಬೆಂಚಿನ ಮೇಲೆ ಕುಳಿತ ಮಗುವಿಗೆ ತಾನಾಗಿ ಸಿಗುವುದಿಲ್ಲ. ಎದ್ದ ಆಕ್ಷೇಪಕ್ಕೆ ಒಂದು ಮಾತಿನ ಉತ್ತರ ಕೊಟ್ಟು ಬಟ್ಟೆಯ ಪಟ್ಟಿಗೆ ಮರಳುವುದು ಲೇಸು.

ಸಹಪಾಠಿಗಳ ಗೇಲಿಯನ್ನು ಪ್ರತ್ಯೇಕ ಅಪರಾಧವಾಗಿ ನಿಯಮದಲ್ಲಿ ಸೇರಿಸಿ. ‘ಹೆಣ್ಣಿಗ’, ‘ಗಂಡುಬೀರಿ’ ಎಂಬ ಬೈಗುಳಗಳನ್ನು ಮಕ್ಕಳು ಶಿಕ್ಷಕರಿಂದಲೇ ಕಲಿಯುವುದೂ ಉಂಟು. ಆದ್ದರಿಂದ ಆ ಸಾಲು ಸಿಬ್ಬಂದಿಗೂ ಅನ್ವಯಿಸಬೇಕು. 2019ರ ಕಾಯ್ದೆಯ 11ನೇ ಕಲಮಿನಂತೆ ಪ್ರತಿ ಸಂಸ್ಥೆಯಲ್ಲೂ ದೂರುಗಳನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬರು ಇರಬೇಕು. ಅವರ ಹೆಸರನ್ನು ಸೂಚನಾ ಫಲಕದಲ್ಲಿ ಹಾಕಿ. ಶೌಚಾಲಯದ ವಿಚಾರದಲ್ಲಿ, ಒಳಗಿನಿಂದ ಚಿಲಕ ಬೀಳುವ, ಯಾರು ಬೇಕಾದರೂ ಬಳಸಬಹುದಾದ ಒಂದು ಕೋಣೆ ಇದ್ದರೆ ಬಟ್ಟೆ ಬದಲಿಸಲೂ ಅದೇ ಆಗುತ್ತದೆ.

ಒಂದು ವರ್ಷದ ತಿಳಿವಳಿಕೆ ಅವಧಿ ಮುಗಿಯುವವರೆಗೆ ಏನು ಮಾಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಆ ಅವಧಿಗೆ ಎಸ್‌ಡಿಎಂಸಿ ಅಥವಾ ಆಡಳಿತ ಮಂಡಳಿ, ಸಮವಸ್ತ್ರದ ಬಣ್ಣದಲ್ಲಿರುವ ಯಾವ ಉಡುಪಿಗೂ ಆಕ್ಷೇಪವಿಲ್ಲ ಎಂಬ ತಾತ್ಕಾಲಿಕ ನಿರ್ಣಯವನ್ನು ನಡಾವಳಿಯಲ್ಲಿ ದಾಖಲಿಸಬೇಕು. ಅದರಲ್ಲಿ ಯಾವ ಮಗುವಿನ ಹೆಸರೂ ಬೇಡ. ಬದಲಿ ಶಿಕ್ಷಕರು ಬಂದಾಗ, ಕ್ರೀಡಾಕೂಟಕ್ಕೆ ಮಕ್ಕಳನ್ನು ಕಳುಹಿಸುವಾಗ ನಿರ್ಣಯದ ಪ್ರತಿಯೊಂದನ್ನು ಜೊತೆಗೆ ಕೊಡಿ. ಹತ್ತನೇ ತರಗತಿಯ ಮಕ್ಕಳ ಪರೀಕ್ಷಾ ಕೇಂದ್ರ ಬೇರೆ ಶಾಲೆಯಲ್ಲಿದ್ದರೆ, ಪರೀಕ್ಷೆಗೆ ವಾರವಿರುವಾಗಲೇ ಅಲ್ಲಿಯ ಮುಖ್ಯ ಅಧೀಕ್ಷಕರಿಗೆ ಅದೇ ಪ್ರತಿಯನ್ನು ತಲುಪಿಸಿ. ಪ್ರವೇಶ ಪತ್ರಕ್ಕೆ ಭಾವಚಿತ್ರ ತೆಗೆಸುವ ದಿನವೂ ಮಗು ತಾನು ನಿತ್ಯ ತೊಡುವ ಬಟ್ಟೆಯಲ್ಲೇ, ನಿತ್ಯದ ಕೂದಲಿನಲ್ಲೇ ಇರಲಿ. ಹಾಗಿದ್ದರೆ ಕೇಂದ್ರದ ಬಾಗಿಲಲ್ಲಿ ಮುಖ ಹೊಂದುತ್ತಿಲ್ಲ ಎಂಬ ತಕರಾರು ಏಳುವುದಿಲ್ಲ.