ಅಂಬಾಸಡರ್ ಎಂಜಿನ್ ಮರುಜೋಡಣೆ: ಬೋರಿಂಗ್ ಅಂಗಡಿಯಲ್ಲಿ ಕೆಲಸ ಮಾಡಿಸಿಕೊಳ್ಳುವ ಬಗೆ

ಎಂಜಿನ್ ಸಿಲಿಂಡರ್‌ಗಳನ್ನು ಕೊರೆದು ಸರಿಪಡಿಸುವ ಬಳ್ಳಾರಿಯ ಬೋರಿಂಗ್ ಅಂಗಡಿಗಳಿಗೆ ದಿನ ಬೆಳಗಾದರೆ ಬರುವುದು ಟ್ರ್ಯಾಕ್ಟರ್, ಟಿಪ್ಪರ್ ಮತ್ತು ಬೋರ್‌ವೆಲ್ ಲಾರಿಗಳ ಡೀಸೆಲ್ ಎಂಜಿನ್‌ಗಳು. ಗಂಗಾವತಿ, ಸಿಂಧನೂರುಗಳ ಭತ್ತದ ಸೀಮೆಯಲ್ಲೂ ಇದೇ ಕಥೆ. ಆ ಕೆಲಸದಲ್ಲಿ ನಮ್ಮ ಮಿಸ್ತ್ರಿಗಳ ಕೈ ಪಳಗಿದೆ. ಸಿಲಿಂಡರ್‌ನೊಳಗೆ ಲೈನರ್ ಎಂಬ ಕೊಳವೆ ಕೂರಿಸುವುದಿರಲಿ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನು ಗ್ರೈಂಡ್ ಮಾಡುವುದಿರಲಿ, ಅವರಿಗೆ ಹೇಳಿಕೊಡಬೇಕಾದದ್ದು ಏನೂ ಇಲ್ಲ. ಆದರೆ ಅರವತ್ತು ಎಪ್ಪತ್ತರ ದಶಕದ ಪೆಟ್ರೋಲ್ ಕಾರಿನ ಎಂಜಿನ್ ಅವರ ಮೇಜಿನ ಮೇಲೆ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ. ಡೀಸೆಲ್ ಎಂಜಿನ್‌ಗೆ ಸರಿಹೋಗುವ, ಭಾಗಗಳ ನಡುವೆ ಬಿಡುವ ಸಡಿಲವನ್ನು ರೂಢಿಯ ಬಲದಿಂದ ಇದಕ್ಕೂ ಕೊಟ್ಟುಬಿಟ್ಟರೆ ಎಂಜಿನ್ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ, ಆಯಿಲ್ ಕುಡಿಯುತ್ತದೆ. ಆದ್ದರಿಂದ ಯಾವ ಭಾಗವನ್ನು ಎಷ್ಟು ಕೆರೆಯಬೇಕು, ಯಾವ ಅಳತೆಗೆ ನಿಲ್ಲಿಸಬೇಕು ಎಂಬುದನ್ನು ಕಾರಿನ ಮಾಲೀಕರೇ ತಿಳಿದುಕೊಂಡು, ಬರೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ಕೆರೆದು ತೆಗೆದ ಕಬ್ಬಿಣವನ್ನು ಮರಳಿ ಅಂಟಿಸಲು ಬರುವುದಿಲ್ಲ.

ಇಲ್ಲಿ ನಾನು ಉದಾಹರಣೆಗೆ ತೆಗೆದುಕೊಂಡಿರುವುದು ಅಂಬಾಸಡರ್‌ನ ಹಳೆಯ ಪೆಟ್ರೋಲ್ ಎಂಜಿನ್, ಅಂದರೆ ಬ್ರಿಟನ್ನಿನ ಬಿಎಂಸಿ ಕಂಪನಿಯ 1489 ಸಿಸಿಯ ಬಿ-ಸೀರೀಸ್. ಇದರ ಬೋರ್, ಎಂದರೆ ಸಿಲಿಂಡರ್‌ನ ಒಳ ಅಗಲ, 73.025 ಮಿ.ಮೀ.; ಸ್ಟ್ರೋಕ್, ಎಂದರೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, 88.9 ಮಿ.ಮೀ. ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣದವು, ಕ್ರ್ಯಾಂಕ್‌ಗೆ ಮೂರು ಮೇನ್ ಬೇರಿಂಗ್‌ಗಳು. ಫಿಯೆಟ್ 1100 ಅಥವಾ ಪದ್ಮಿನಿ ಇಟ್ಟುಕೊಂಡವರಿಗೂ ಕೆಲಸದ ಕ್ರಮ ಇದೇ. ಅದರ ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ., ಮತ್ತು ಹೆಡ್ ಅಲ್ಯೂಮಿನಿಯಂನದು. ಈ ಕೊನೆಯ ವ್ಯತ್ಯಾಸ ತೊಳೆಯುವ ಹೊತ್ತಿನಲ್ಲಿ ಮುಖ್ಯವಾಗುತ್ತದೆ.

ಎಂಜಿನ್ ಬಿಚ್ಚುವಾಗಲೇ ಕ್ರ್ಯಾಂಕನ್ನು ಬ್ಲಾಕ್‌ಗೆ ಹಿಡಿದಿಡುವ ಮೇನ್ ಕ್ಯಾಪ್‌ಗಳು, ಕನೆಕ್ಟಿಂಗ್ ರಾಡ್‌ಗಳು ಮತ್ತು ಅವುಗಳ ಕ್ಯಾಪ್‌ಗಳಿಗೆ ಎಷ್ಟನೆಯದು, ಯಾವ ಮುಖ ಮುಂದಕ್ಕೆ ಎಂದು ಗುರುತು ಹಾಕಿಕೊಳ್ಳಬೇಕು. ಈ ಕ್ಯಾಪ್‌ಗಳನ್ನು ಅವುಗಳ ಜಾಗದಲ್ಲೇ ಬಿಗಿದು ಬೋರ್ ಮಾಡಿರುತ್ತಾರಾದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಆಮೇಲೆ ಬ್ಲಾಕ್‌ನ ಪಕ್ಕದಲ್ಲಿ ನೀರಿನ ದಾರಿಯ ರಂಧ್ರಗಳನ್ನು ಮುಚ್ಚಿರುವ ಕೋರ್ ಪ್ಲಗ್‌ಗಳನ್ನೂ ಆಯಿಲ್ ಹರಿಯುವ ದಾರಿಯಾದ ಗ್ಯಾಲರಿಯ ಪ್ಲಗ್‌ಗಳನ್ನೂ ತೆಗೆಯಿಸಿರಿ. ಇವನ್ನು ತೆಗೆಯದೆ ತೊಳೆದ ಬ್ಲಾಕ್ ತೊಳೆದಂತಲ್ಲ. ನಮ್ಮ ಭಾಗದ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರ್‌ಗೆ ವರ್ಷಗಟ್ಟಲೆ ಸುರಿದ ಎಂಜಿನ್‌ನಲ್ಲಿ ಕೋರ್ ಪ್ಲಗ್ ತೆಗೆದು ಬೆರಳು ಹಾಕಿ ನೋಡಿದರೆ ಸುಣ್ಣ, ತುಕ್ಕು, ಕೆಸರು ಸೇರಿ ಗಟ್ಟಿಯಾದ ಒಂದು ಪದರ ಸಿಗುತ್ತದೆ. ಹಿಂದಿನ ನಾಲ್ಕನೆಯ ಸಿಲಿಂಡರ್‌ನ ಸುತ್ತ ಅದು ಹೆಚ್ಚು. ಅದನ್ನು ಕಂಬಿಯಿಂದ ಕೆದಕಿ, ಒತ್ತಡದ ನೀರಿನಿಂದ ತೆಗೆಸಬೇಕು. ಕಬ್ಬಿಣದ ಬ್ಲಾಕನ್ನು ಬಿಸಿ ಕಾಸ್ಟಿಕ್ ನೀರಿನಲ್ಲಿ ಅದ್ದಬಹುದು. ಅಲ್ಯೂಮಿನಿಯಂ ಹೆಡ್ಡನ್ನಾಗಲಿ ಪಿಸ್ಟನ್‌ಗಳನ್ನಾಗಲಿ ಆ ತೊಟ್ಟಿಗೆ ಹಾಕಲೇಬಾರದು, ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ.

ತೊಳೆದ ಮೇಲೆ ಬಿರುಕು ಹುಡುಕಬೇಕು. ಬಣ್ಣದ ಸ್ಪ್ರೇ ಹೊಡೆದು ಬಿರುಕು ತೋರಿಸುವ ಡಬ್ಬಿಗಳು ಈಗ ಸಿಗುತ್ತವೆ. ಅವು ಇಲ್ಲದಿದ್ದರೆ ಹಳೆಯ ಮಿಸ್ತ್ರಿಗಳ ವಿಧಾನವೂ ಸಾಕು: ಹೆಡ್‌ನ ಮುಖಕ್ಕೆ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ ಒಣಗಿಸಿ, ಮೇಲೆ ಸುಣ್ಣದ ಕಡ್ಡಿಯ ಪುಡಿಯನ್ನು ತೆಳುವಾಗಿ ಉದುರಿಸಿದರೆ, ಬಿರುಕಿನೊಳಗೆ ಉಳಿದ ಸೀಮೆಎಣ್ಣೆ ಮೇಲೆ ಬಂದು ಬಿಳಿಯ ಪುಡಿಯಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ಮೂಡುತ್ತದೆ. ವಾಲ್ವ್ ಸೀಟ್‌ಗಳ ನಡುವಿನ ಕಿರಿದಾದ ಜಾಗವನ್ನು ಮೊದಲು ನೋಡಿರಿ. ಈ ಪರೀಕ್ಷೆ ಮುಗಿಯುವ ತನಕ ಬೇರೆ ಯಾವ ಕೆಲಸಕ್ಕೂ ಹಣ ಹಾಕಬೇಡಿ.

ಇನ್ನು ಅಳತೆಯ ಮಾತು. ಸಿಲಿಂಡರ್‌ನ ಸವೆತವನ್ನು ಬೋರ್ ಡಯಲ್ ಗೇಜ್‌ನಿಂದ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕುಗಳಲ್ಲಿ ತೆಗೆದುಕೊಳ್ಳಬೇಕು. ಒಂದು ದಿಕ್ಕು ಕ್ರ್ಯಾಂಕ್‌ನ ಉದ್ದಕ್ಕೆ, ಇನ್ನೊಂದು ಅದಕ್ಕೆ ಅಡ್ಡ. ನಾಲ್ಕು ಸಿಲಿಂಡರ್‌ಗೆ ಒಟ್ಟು 24 ಅಳತೆಗಳಾಗುತ್ತವೆ. ಇವಿಷ್ಟನ್ನೂ ಕಾಗದದ ಮೇಲೆ ಬರೆಯಬೇಕು. ಅತಿ ಹೆಚ್ಚು ಸವೆತ ಇರುವುದು ಮೇಲ್ತುದಿಯಲ್ಲಿ, ರಿಂಗ್ ನಿಲ್ಲುವ ಅಂಚಿನ ಸ್ವಲ್ಪ ಕೆಳಗೆ, ಅದೂ ಅಡ್ಡ ದಿಕ್ಕಿನಲ್ಲಿ, ಏಕೆಂದರೆ ಪಿಸ್ಟನ್ ಆ ಪಕ್ಕಕ್ಕೇ ಒತ್ತಿಕೊಂಡು ಇಳಿಯುತ್ತದೆ. ತಳದಲ್ಲಿ ರಿಂಗ್ ತಲುಪದ ಜಾಗ ಬಹುಪಾಲು ಹಿಂದಿನ ಅಳತೆಯಲ್ಲೇ ಉಳಿದಿರುತ್ತದೆ. ಅದನ್ನು ನೋಡಿದರೆ ಈ ಬ್ಲಾಕ್ ಹಿಂದೆ ಎಷ್ಟು ಸಲ ಬೋರ್ ಆಗಿದೆ ಎಂಬುದು ತಿಳಿಯುತ್ತದೆ. ಸಂಡೂರು ರಸ್ತೆಯ ಕೆಂಧೂಳಿನಲ್ಲಿ ಏರ್ ಫಿಲ್ಟರ್ ಸರಿಯಿಲ್ಲದೆ ಓಡಿದ ಎಂಜಿನ್‌ಗಳಲ್ಲಿ ಮೇಲಿನ ಅಂಚು ಉಗುರಿಗೆ ತಾಗುವಷ್ಟು ಎದ್ದು ನಿಂತಿರುತ್ತದೆ. ಮೇಲಿನ ಮತ್ತು ಕೆಳಗಿನ ಅಳತೆಗಳ ವ್ಯತ್ಯಾಸ 0.15 ಮಿ.ಮೀ. ದಾಟಿದ್ದರೆ ಬರೀ ಹೊಸ ರಿಂಗ್ ಹಾಕಿಸುವುದು ಹಣದ ಪೋಲು, ಬೋರಿಂಗ್ ಮಾಡಿಸಲೇಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಊರಿನ ಬಿಸಿಲು ಈ ಅಳತೆಗಳನ್ನು ಕೆಡಿಸುತ್ತದೆ ಎಂಬುದನ್ನು ಹೆಚ್ಚಿನವರು ಗಮನಕ್ಕೆ ತೆಗೆದುಕೊಳ್ಳುವುದಿಲ್ಲ. ಯಂತ್ರಭಾಗಗಳ ಅಳತೆಗೆ ಜಗತ್ತಿನಾದ್ಯಂತ ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳಲ್ಲಿ ಬಳ್ಳಾರಿಯ ತಗಡಿನ ಶೆಡ್ಡಿನೊಳಗೆ 40 ಡಿಗ್ರಿ ಇರುವುದು ಮಾಮೂಲು. ಆ 20 ಡಿಗ್ರಿಯ ಏರಿಕೆಗೆ 73 ಮಿ.ಮೀ. ಬೋರ್‌ನ ಕಬ್ಬಿಣ ಸುಮಾರು 0.016 ಮಿ.ಮೀ. ಹಿಗ್ಗಿದರೆ, ಅದೇ ಅಗಲದ ಅಲ್ಯೂಮಿನಿಯಂ ಪಿಸ್ಟನ್ ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಪಿಸ್ಟನ್‌ಗೂ ಬೋರ್‌ಗೂ ಇರಬೇಕಾದ ಒಟ್ಟು ಸಡಿಲವೇ 0.05 ಮಿ.ಮೀ. ಆಸುಪಾಸಿನದಾಗಿರುವಾಗ ಇದು ಕಡೆಗಣಿಸುವ ಮಾತಲ್ಲ. ಬೈಕಿನ ಮೇಲೆ ಬಿಸಿಲಲ್ಲಿ ತಂದ ಪಿಸ್ಟನ್ ಡಬ್ಬಿಯನ್ನು ಆಗಲೇ ಬಿಚ್ಚಿ ಮೈಕ್ರೊಮೀಟರ್ ಹಿಡಿದರೆ ತಪ್ಪು ಅಂಕಿ ಬರುವುದು ಖಂಡಿತ. ಬ್ಲಾಕ್, ಪಿಸ್ಟನ್, ಮೈಕ್ರೊಮೀಟರ್ ಮೂರನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿಟ್ಟು, ಬೆಳಿಗ್ಗೆ ಏಳು ಗಂಟೆಯೊಳಗೆ ಅಳೆಯುವಂತೆ ಮಿಸ್ತ್ರಿಯನ್ನು ಕೇಳಿಕೊಳ್ಳಿ. ಸಾಧ್ಯವಾದರೆ ಈ ಕೆಲಸವನ್ನು ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ.

ಬೋರಿಂಗ್‌ಗೆ ಬ್ಲಾಕ್ ಕೊಡುವ ಮೊದಲು ಪಿಸ್ಟನ್‌ಗಳು ಕೈಯಲ್ಲಿರಬೇಕು. ಈ ಒಂದು ಮಾತನ್ನು ನಾನು ನಷ್ಟ ಮಾಡಿಕೊಂಡು ಕಲಿತಿದ್ದೇನೆ. ನನ್ನ ಮೊದಲ ಎಂಜಿನ್‌ನ ಬ್ಲಾಕನ್ನು ‘ಇಪ್ಪತ್ತು ಸೈಜ್’ ಎಂದಷ್ಟೇ ಹೇಳಿ ಒಂದು ಅಂಗಡಿಗೆ ಕೊಟ್ಟಿದ್ದೆ. ಅಂಗಡಿಯ ಮಾತಿನಲ್ಲಿ ಹಾಗೆಂದರೆ ಮೂಲ ಅಳತೆಗಿಂತ ಇಂಚಿನ ಸಾವಿರ ಭಾಗಗಳಲ್ಲಿ 20 ಭಾಗ, ಎಂದರೆ ಸುಮಾರು 0.51 ಮಿ.ಮೀ. ದೊಡ್ಡದು. ಅವರು ಡೀಸೆಲ್‌ನ ರೂಢಿಯಂತೆ ಸಡಿಲ ಸೇರಿಸಿ 73.59ಕ್ಕೆ ತಂದು ನಿಲ್ಲಿಸಿದರು. ಮೂರು ವಾರದ ಮೇಲೆ ಬಂದ ಪಿಸ್ಟನ್‌ಗಳು 73.48 ಇದ್ದವು. ಸಡಿಲ 0.11 ಆಯಿತು, ಪ್ರತಿ ಬೆಳಿಗ್ಗೆ ಎಂಜಿನ್ ಬಿಸಿಯಾಗುವ ತನಕ ಪಿಸ್ಟನ್‌ಗಳು ಗೋಡೆಗೆ ಬಡಿಯುವ ಸದ್ದು ಬೀದಿಗೆ ಕೇಳುತ್ತಿತ್ತು. ಕೊನೆಗೆ ಮೂವತ್ತು ಸೈಜ್‌ಗೆ ಮತ್ತೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಸೆಟ್ ಕೊಳ್ಳಬೇಕಾಯಿತು. ಬ್ಲಾಕ್‌ನ ಆಯುಷ್ಯದಲ್ಲಿ ಒಂದು ಸೈಜ್ ಹೀಗೆ ವ್ಯರ್ಥವಾಗಿ ಹೋಯಿತು. ನಲವತ್ತು ಸೈಜ್ ದಾಟಿದ ಮೇಲೆ ಉಳಿಯುವ ದಾರಿ ಸಿಲಿಂಡರ್‌ನೊಳಗೆ ಹೊಸ ಕೊಳವೆ, ಎಂದರೆ ಸ್ಲೀವ್, ಹಾಕಿಸಿ ಮೂಲ ಅಳತೆಗೆ ಮರಳುವುದು.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಪ್ರತಿ ಪಿಸ್ಟನ್ನನ್ನೂ ಪಿನ್‌ಗೆ ಅಡ್ಡ ದಿಕ್ಕಿನಲ್ಲಿ, ಅದರ ಕೆಳ ಮೈಯಾದ ಸ್ಕರ್ಟಿನ ಮೇಲೆ ಅಳೆದು, ತಲೆಯ ಮೇಲೆ ಮಾರ್ಕರ್‌ನಿಂದ ಆ ಅಂಕಿಯನ್ನೂ ಸಿಲಿಂಡರ್ ಸಂಖ್ಯೆಯನ್ನೂ ಬರೆಯುತ್ತೇನೆ. ಪಿಸ್ಟನ್ ಡಬ್ಬಿಯೊಳಗಿನ ಚೀಟಿಯಲ್ಲಿ ಹೇಳಿರುವ ಸಡಿಲವನ್ನು ಅದಕ್ಕೆ ಕೂಡಿಸಿದರೆ ಆ ಸಿಲಿಂಡರ್‌ನ ಅಂತಿಮ ಅಳತೆ ಸಿಗುತ್ತದೆ. ಪಿಸ್ಟನ್ 73.48 ಇದ್ದು ಸಡಿಲ 0.05 ಎಂದಿದ್ದರೆ ಅಂತಿಮ ಬೋರ್ 73.53 ಆಗಬೇಕು, ಬೋರಿಂಗ್ ಯಂತ್ರ 73.47ರಲ್ಲಿ ನಿಲ್ಲಬೇಕು, ಉಳಿದ 0.06 ಕಲ್ಲಿನಿಂದ ಉಜ್ಜಿ ನಯಗೊಳಿಸುವ ಹೋನಿಂಗ್‌ಗೆ. “ಅಣ್ಣಾ, ಬೋರಿಂಗ್‌ನಾಗೇ ಸೈಜ್ ಮುಗಿಸಬ್ಯಾಡ್ರಿ, ಹೋನಿಂಗಿಗೆ ಆರು ಪಾಯಿಂಟ್ ಬಿಡ್ರಿ” ಎಂದು ಸ್ಪಷ್ಟವಾಗಿ ಹೇಳಬೇಕು. ಕತ್ತರಿಸುವ ಟೂಲ್ ಗೋಡೆಯನ್ನು ಹರಿದಂತೆ ಒರಟಾಗಿ ಬಿಟ್ಟಿರುತ್ತದೆ, ಆ ಒರಟು ಪದರವನ್ನು ಹೋನ್ ಕಲ್ಲು ತೆಗೆದರೆ ಮಾತ್ರ ರಿಂಗ್‌ಗೆ ಗಟ್ಟಿ ನೆಲೆ ಸಿಗುತ್ತದೆ. ಸಾಮಾನ್ಯ ಎರಕದ ಕಬ್ಬಿಣದ ರಿಂಗ್‌ಗಳಿಗೆ 220 ನಂಬರಿನ ಕಲ್ಲು ಸರಿ. ಕಲ್ಲು ಮೇಲೆ ಕೆಳಗೆ ಹೋಗುವ ವೇಗ ಸರಿಯಿದ್ದರೆ ಗೋಡೆಯ ಮೇಲೆ ಚಾಪೆಯ ಹೆಣಿಗೆಯಂತೆ ಒಂದನ್ನೊಂದು ದಾಟುವ ಗೆರೆಗಳು ಮೂಡುತ್ತವೆ. ಅವುಗಳ ನಡುವಿನ ಕೋನ 45ರಿಂದ 60 ಡಿಗ್ರಿ ಇರಲಿ. ಆಯಿಲ್ ನಿಲ್ಲುವುದು ಈ ಗೆರೆಗಳಲ್ಲಿಯೇ. ಕನ್ನಡಿಯಂತೆ ಹೊಳೆಯುವ ಬೋರ್ ನೋಡಲು ಚಂದ, ಆದರೆ ಅದರಲ್ಲಿ ರಿಂಗ್ ಕೂರುವುದಿಲ್ಲ.

ಹೋನಿಂಗ್ ಆದ ಬ್ಲಾಕನ್ನು ಡೀಸೆಲ್‌ನಲ್ಲಿ ಒರೆಸಿ ಕೊಡುವುದು ಅಂಗಡಿಗಳ ರೂಢಿ. ಇದು ಸಾಲದು. ಡೀಸೆಲ್ ಆಗಲಿ ಪೆಟ್ರೋಲ್ ಆಗಲಿ ಕಲ್ಲಿನ ಪುಡಿಯನ್ನು ಗೆರೆಗಳೊಳಗೆ ಇನ್ನಷ್ಟು ಕೂರಿಸುತ್ತದೆ. ಮನೆಗೆ ತಂದು ಬಿಸಿನೀರು, ಬಟ್ಟೆ ಸೋಪಿನ ಪುಡಿ ಮತ್ತು ನೈಲಾನ್ ಬ್ರಷ್ ಹಿಡಿದು ಪ್ರತಿ ಸಿಲಿಂಡರನ್ನೂ ಉಜ್ಜಿರಿ. ಹಳೆಯ ಬಿಳಿ ಪಂಚೆಯ ತುಂಡಿಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಗೋಡೆಯನ್ನು ಒರೆಸಿದಾಗ ಬಟ್ಟೆಯ ಮೇಲೆ ಬೂದು ಬಣ್ಣ ಬಂದರೆ ಮತ್ತೆ ತೊಳೆಯಬೇಕು. ನನಗೆ ಸಾಮಾನ್ಯವಾಗಿ ಮೂರು ನಾಲ್ಕು ಸಲ ಬೇಕಾಗುತ್ತದೆ. ಬಟ್ಟೆ ಬಿಳಿಯಾಗಿಯೇ ಹೊರಬಂದ ಮೇಲೆ ತಡಮಾಡದೆ ಒಣಗಿಸಿ ಆಯಿಲ್ ಸವರಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲೇ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ.

ಕ್ರ್ಯಾಂಕ್‌ನ ಬೇರಿಂಗ್‌ನೊಳಗೆ ತಿರುಗುವ ದುಂಡು ಭಾಗಗಳಾದ ಜರ್ನಲ್‌ಗಳನ್ನೂ ಇದೇ ರೀತಿ ಎರಡು ದಿಕ್ಕುಗಳಲ್ಲಿ, ಎರಡು ತುದಿಗಳಲ್ಲಿ ಅಳೆಯಬೇಕು. ದುಂಡುತನದಲ್ಲಿ 0.03 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಉಗುರಿಗೆ ಸಿಗುವ ಗೀರುಗಳಿದ್ದರೆ ಗ್ರೈಂಡಿಂಗ್ ಬೇಕು. ಜರ್ನಲ್ ಸುತ್ತ ಕೂರುವ ತೆಳು ಅರೆ ಉಂಗುರಗಳಾದ ಬೇರಿಂಗ್ ಶೆಲ್‌ಗಳು, ಜರ್ನಲ್ ಎಷ್ಟು ಕಿರಿದಾಗಿದೆಯೋ ಅದಕ್ಕೆ ತಕ್ಕಂತೆ, ಹತ್ತು, ಇಪ್ಪತ್ತು, ಮೂವತ್ತು ಸೈಜ್‌ಗಳಲ್ಲಿ ಸಿಗುತ್ತವೆ. ಇಲ್ಲಿಯೂ ಶೆಲ್ ಮೊದಲು, ಗ್ರೈಂಡಿಂಗ್ ಆಮೇಲೆ. ಗ್ರೈಂಡ್ ಮಾಡುವವರಿಗೆ ಹೇಳಲೇಬೇಕಾದ ಮಾತು ಒಂದಿದೆ: ಜರ್ನಲ್‌ನ ಎರಡೂ ಅಂಚುಗಳಲ್ಲಿರುವ ದುಂಡನೆಯ ಮೂಲೆ ಹಾಗೆಯೇ ಉಳಿಯಬೇಕು. ಅಲ್ಲಿ ಕಲ್ಲು ಚೂಪಾದ ಮೂಲೆ ಮಾಡಿಬಿಟ್ಟರೆ ಎಳೆತವೆಲ್ಲ ಆ ಗೆರೆಯಲ್ಲಿ ಸೇರಿ ಕ್ರ್ಯಾಂಕ್ ಒಂದು ದಿನ ಅಲ್ಲಿಯೇ ಮುರಿಯುತ್ತದೆ. ಆಯಿಲ್ ರಂಧ್ರಗಳ ಬಾಯಿಯನ್ನು ನಯವಾಗಿಸಿ ಪಾಲಿಶ್ ಮಾಡಿಸಿರಿ. ಬಿ-ಸೀರೀಸ್ ಕ್ರ್ಯಾಂಕ್‌ನ ಹಿಂತುದಿಯಲ್ಲಿ ಈಗಿನ ಎಂಜಿನ್‌ಗಳಂಥ ರಬ್ಬರ್ ಸೀಲ್ ಇರುವುದಿಲ್ಲ. ಅದರ ಬದಲು ಆಯಿಲನ್ನು ಒಳಕ್ಕೆ ತಳ್ಳುವ ಸ್ಕ್ರೂನಂಥ ತೋಡು ಕೊರೆದಿರುತ್ತದೆ. ಅದನ್ನು ಗೀರೆಂದು ತಿಳಿದು ಯಾರೂ ಉಜ್ಜದಂತೆ ನೋಡಿಕೊಳ್ಳಿ.

ಶೆಲ್ ಸಡಿಲವಾಯಿತೆಂದು ಕ್ಯಾಪ್‌ನ ಮುಖವನ್ನು ಅರದಿಂದ ಉಜ್ಜುವುದು, ಇಲ್ಲವೇ ಶೆಲ್ಲಿನ ಬೆನ್ನಿಗೆ ತೆಳು ತಗಡು ಇಡುವುದು ನಮ್ಮ ಕಡೆ ಇನ್ನೂ ನಡೆದಿದೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಉಜ್ಜಿದ ಕ್ಯಾಪ್ ಬಿಗಿದಾಗ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಹಿಂದಿನ ಮೇನ್‌ನಲ್ಲಾದರೆ ಮೇಲೆ ಹೇಳಿದ ತೋಡಿನ ಸಡಿಲವೂ ಕೆಟ್ಟು ಕ್ಲಚ್ ಮೇಲೆ ಆಯಿಲ್ ಸೋರುತ್ತದೆ. ಈಗಾಗಲೇ ಉಜ್ಜಿದ ಕ್ಯಾಪ್ ಸಿಕ್ಕರೆ ಮೇನ್ ರಂಧ್ರಗಳನ್ನೆಲ್ಲ ಒಂದೇ ನೇರಕ್ಕೆ ಮತ್ತೆ ಕೊರೆಯುವ ಲೈನ್ ಬೋರಿಂಗ್ ಒಂದೇ ಪರಿಹಾರ.

ಕನೆಕ್ಟಿಂಗ್ ರಾಡ್‌ಗಳ ಬಾಗು, ತಿರುಚು ನೋಡಿಸಿ, ಪಿಸ್ಟನ್ ಸಮೇತ ತೂಗಿಸಿ, ನಾಲ್ಕರ ತೂಕದ ಅಂತರ ಎರಡು ಮೂರು ಗ್ರಾಂ ಒಳಗೆ ಬರುವಂತೆ ಮಾಡಿಸಿರಿ. ಫ್ಲೈವೀಲ್‌ನ ಮುಖ ನೀಲಿಗಟ್ಟಿದ್ದರೆ ತೆಳುವಾಗಿ ಕೆರೆದು ಸಮ ಮಾಡುವ ಫೇಸಿಂಗ್ ಸಾಕು.

ಹೆಡ್‌ನ ಮುಖದ ಮೇಲೆ ನೇರ ಪಟ್ಟಿಯಿಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. 0.1 ಮಿ.ಮೀ. ಗೇಜ್ ಎಲ್ಲಿಯೂ ಹೋಗದಿದ್ದರೆ ಫೇಸಿಂಗ್ ಬೇಡ. ಬೇಕಾದರೂ ಎಷ್ಟು ಕಡಿಮೆಗೆ ಸಮವಾಗುತ್ತದೋ ಅಷ್ಟೇ ತೆಗೆಸಿ. ಪ್ರತಿ ಫೇಸಿಂಗ್ ಕಂಪ್ರೆಶನ್ ಏರಿಸುತ್ತದೆ. ವಾಲ್ವ್ ಗೈಡ್‌ಗಳನ್ನು ಬದಲಿಸುವುದಿದ್ದರೆ ಸೀಟ್ ಕತ್ತರಿಸುವ ಮೊದಲೇ ಬದಲಿಸಬೇಕು, ಏಕೆಂದರೆ ಸೀಟ್ ಕಟರ್ ಗೈಡಿನ ನಡುವನ್ನೇ ನಂಬಿ ತಿರುಗುತ್ತದೆ. ಸೀಟಿನ ಮುಖ್ಯ ಕೋನ 45 ಡಿಗ್ರಿ; ಮೇಲೆ ಕೆಳಗೆ ಬೇರೆ ಕೋನಗಳಲ್ಲಿ ಕತ್ತರಿಸಿ ಅದರ ಅಗಲವನ್ನು ಒಂದೂವರೆ ಮಿ.ಮೀ. ಸುಮಾರಿಗೆ ತರುತ್ತಾರೆ. ಸೀಸವಿಲ್ಲದ ಪೆಟ್ರೋಲ್ ದೇಶದಾದ್ಯಂತ ಬಂದದ್ದು 2000ರಲ್ಲಿ. ಈ ಎಂಜಿನ್ ರೂಪುಗೊಂಡದ್ದು ಸೀಸವಿದ್ದ ಪೆಟ್ರೋಲಿನ ಕಾಲದಲ್ಲಿ, ಆ ಸೀಸವೇ ಎಕ್ಸಾಸ್ಟ್ ಸೀಟನ್ನು ಸವೆತದಿಂದ ಕಾಯುತ್ತಿತ್ತು. ಆದ್ದರಿಂದ ಸೀಟ್ ಆಳಕ್ಕೆ ಇಳಿದಿದ್ದರೆ ಗಟ್ಟಿ ಉಕ್ಕಿನ ಉಂಗುರ ಕೂರಿಸುವುದು ಸರಿಯಾದ ಕೆಲಸ. ಸೀಟ್ ಚೆನ್ನಾಗಿದ್ದು ಕಾರು ತಿಂಗಳಿಗೆ ಇನ್ನೂರು ಕಿ.ಮೀ. ಓಡುವಂತಿದ್ದರೆ ಹೆಡ್ಡನ್ನು ಕೊರೆಯಿಸುವ ಆತುರ ಬೇಡ. ವಾಲ್ವನ್ನು ಸೀಟಿಗೆ ಉಜ್ಜಿ ಹೊಂದಿಸುವ ಲ್ಯಾಪಿಂಗ್ ಮುಗಿದ ಮೇಲೆ ಪ್ಲಗ್ ಹಾಕಿ, ಚೇಂಬರ್‌ಗಳು ಮೇಲಕ್ಕೆ ಬರುವಂತೆ ಹೆಡ್ಡನ್ನು ಮಲಗಿಸಿ ಪ್ರತಿ ಚೇಂಬರ್‌ಗೂ ಸೀಮೆಎಣ್ಣೆ ತುಂಬಿಸಿ ಕಾಲು ಗಂಟೆ ಕಾಯಿರಿ. ಪೋರ್ಟ್‌ನೊಳಗೆ ಒಂದು ಹನಿ ಕಂಡರೂ ಆ ವಾಲ್ವನ್ನು ಮತ್ತೆ ಉಜ್ಜಬೇಕು.

ಸಾಮಾನು ಮರಳಿ ತರುವ ದಿನ ಹೊಸ ರಿಂಗ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅದನ್ನು ಸಿಲಿಂಡರ್‌ನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ಸಮವಾಗಿ ಒಳಕ್ಕೆ ತಳ್ಳಿ, ತುದಿಗಳ ನಡುವಿನ ಸಂದನ್ನು ಅಳೆದರೆ 0.25ರಿಂದ 0.30 ಮಿ.ಮೀ. ಬರಬೇಕು. ನಾಲ್ಕೂ ಸಿಲಿಂಡರ್‌ನಲ್ಲಿ ಒಂದೇ ಅಂಕಿ ಬಂದರೆ ಬೋರಿಂಗ್ ನೆಟ್ಟಗಿದೆ. ಅಂತಿಮ ಅಳತೆಗಳನ್ನು ಮಿಸ್ತ್ರಿಯ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಜೋಡಣೆಗೆ ತಡವಾಗುವಂತಿದ್ದರೆ ಕ್ರ್ಯಾಂಕನ್ನು ಆಯಿಲ್ ಸವರಿ, ಪ್ಲಾಸ್ಟಿಕ್ ಸುತ್ತಿ, ಫ್ಲೈವೀಲ್ ಬಿಗಿಯುವ ಮುಖದ ಮೇಲೆ ನೆಟ್ಟಗೆ ನಿಲ್ಲಿಸಿ, ಬೀಳದಂತೆ ಗೋಡೆಯ ಮೂಲೆಗೆ ಕಟ್ಟಿಡಿ.