ಬೀಜಕ್ಕೆ ಬಿಟ್ಟ ಬೆಂಡೆ

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಬಂತೆಂದರೆ ನಮ್ಮ ವಾಳೆಯಲ್ಲಿ, ಅಂದರೆ ಚರ್ಚಿಗೆ ಸೇರಿದ ನಮ್ಮ ಕೇರಿಯಲ್ಲಿ, ಒಬ್ಬೊಬ್ಬರು ಒಂದೊಂದನ್ನು ಬಿಡುತ್ತಾರೆ. ಕೆಲವರು ಮೀನು ಮಾಂಸ, ಕೆಲವರು ಕುಡಿತ, ಮಕ್ಕಳು ಚಾಕೊಲೇಟು. ಬಿಡುವುದೆಂದರೆ ಕೆಟ್ಟದ್ದನ್ನು ಬಿಡುವುದು, ಇಲ್ಲವೇ ಅದಿಲ್ಲದೆಯೂ ಬದುಕು ನಡೆಯುವಂಥದ್ದನ್ನು ಬಿಡುವುದು ಎಂಬುದು ನಮ್ಮಲ್ಲಿ ಸಾಮಾನ್ಯ ತಿಳಿವಳಿಕೆ. ಮದುವೆಯಾಗಿ ಬಂದ ಮನೆಯ ಹಿತ್ತಿಲಲ್ಲಿ ಅತ್ತೆಯ ಜೊತೆ ತರಕಾರಿ ಬೆಳೆಯುತ್ತ ಹೋದಂತೆ ನನಗೆ ಇದಕ್ಕಿಂತ ಕಷ್ಟದ ಮಾತೊಂದು ಅರ್ಥವಾಗುತ್ತ ಬಂತು. ತೋಟ ನಮ್ಮಿಂದ ಕೇಳುವುದು ಒಳ್ಳೆಯದನ್ನೇ. ಚೆನ್ನಾಗಿ ಮೊಳೆತ ಸಸಿ, ಹಸಿರಾಗಿರುವ ಗೆಲ್ಲು, ಗಿಡದಲ್ಲೇ ಎದ್ದು ಕಾಣುವ ಕಾಯಿ. ಒಂದೊಂದು ಋತುವಿನಲ್ಲೂ ಇಂಥದ್ದೇ ಏನಾದರೊಂದನ್ನು ಕೊಡು ಎನ್ನುತ್ತದೆ. ಶುಭಸಂದೇಶದಲ್ಲಿ ಯೇಸುಸ್ವಾಮಿ ಬೀಜ, ಬಳ್ಳಿ, ಕಳೆ ಎಂದೆಲ್ಲ ಯಾಕೆ ಅಷ್ಟು ಮಾತಾಡಿದರು ಎಂಬುದು ನನಗೆ ಹೊಳೆದದ್ದು ಹೀಗೆ ಮಣ್ಣು ಮೆತ್ತಿದ ಕೈಯಲ್ಲೇ.

ನಮ್ಮದು ಉಡುಪಿ ಕಡೆಯ ಹಳ್ಳಿ. ಮುರಕಲ್ಲಿನ ನೆಲ, ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಬೈಬಲ್ಲಿನ ನಾಡಿನಲ್ಲಿ ಹಾಗಲ್ಲ. ಅಲ್ಲಿ ಮಳೆ ಶುರುವಾಗುವುದು ಅಕ್ಟೋಬರ್ ನವೆಂಬರಿನಲ್ಲಿ, ಪಾಸ್ಕದಿಂದ ಐವತ್ತನೆಯ ದಿನಕ್ಕೆ ಬರುವ ಹಬ್ಬ ಅವರಿಗೆ ಗೋಧಿ ಕೊಯ್ಲಿನ ಹಬ್ಬ. ಅದೇ ಪಂಚಾಶತ್ತಮ ಹಬ್ಬ, ಅಂದರೆ ಪವಿತ್ರಾತ್ಮರ ಹಬ್ಬ, ನಮಗೆ ಬರುವುದು ಬಿತ್ತನೆಯ ಹೊತ್ತಿನಲ್ಲಿ, ಮೇ ಕೊನೆಯ ಭಾಗದಲ್ಲಿ ತುಳುನಾಡಿನವರು ಆಚರಿಸುವ ಪತ್ತನಾಜೆಯ ಹಿಂದೆಮುಂದೆ. ಆಗ ನೆಲ ಇನ್ನೂ ಸುಡುತ್ತಿರುತ್ತದೆ, ಬಾವಿಯ ನೀರು ತಳ ಕಂಡಿರುತ್ತದೆ. ಆ ಹಬ್ಬಕ್ಕೆ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದು ಮಡಿ ಕೆದಕುವುದು ನನಗೆ ಈಗ ಆ ದಿನದ ಪ್ರಾರ್ಥನೆಯ ಮುಂದುವರಿಕೆಯೇ ಆಗಿದೆ.

ಮೊದಲು ಬೀಳುವುದು ಹರಿವೆ ಬೀಜ. ಸಾಸಿವೆಗಿಂತಲೂ ಸಣ್ಣ, ಕಪ್ಪಗೆ ಹೊಳೆಯುವ ಬೀಜ. ಹಾಗೇ ಎರಚಿದರೆ ಇರುವೆಗಳು ಸಾಲುಗಟ್ಟಿ ಹೊತ್ತೊಯ್ಯುತ್ತವೆ. ಅದಕ್ಕೆ ಅತ್ತೆ ಕಲಿಸಿದ ಉಪಾಯವೆಂದರೆ ಬಿತ್ತುವ ಮೊದಲು ಮಡಿಯ ಸುತ್ತ ಒಂದು ಹಿಡಿ ರವೆಯನ್ನೋ ಅಕ್ಕಿಹಿಟ್ಟನ್ನೋ ಉದುರಿಸುವುದು. ಇರುವೆಗಳು ಅದನ್ನು ಹೊತ್ತುಕೊಂಡು ಹೋಗುವಷ್ಟರಲ್ಲಿ ಬೀಜ ಮೊಳಕೆ ಒಡೆದಿರುತ್ತದೆ. ನಮ್ಮ ಮಡಿಯಲ್ಲಿ ಮೊದಲ ಪಾಲು ಇರುವೆಯದ್ದು. ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ ಎರಚುತ್ತೇನೆ, ಇಲ್ಲದಿದ್ದರೆ ಒಂದೇ ಕಡೆ ಬಿದ್ದು ಗುಂಪಾಗುತ್ತದೆ. ಮೇಲೆ ತೆಂಗಿನ ಗರಿ ಮುಚ್ಚುತ್ತೇನೆ, ಮೊದಲ ಮಳೆಯ ಹೊಡೆತಕ್ಕೆ ಬೀಜ ಕೊಚ್ಚಿಹೋಗದಿರಲೆಂದು. ನಾಲ್ಕೈದು ದಿನದಲ್ಲಿ ಮಡಿಯ ತುಂಬ ಕೆಂಪು ಚುಕ್ಕೆಗಳು.

ಹೊಸದಾಗಿ ತೋಟ ಮಾಡುವವರಿಗೆ ಕೈ ಬಾರದ ಕೆಲಸ ಇದರ ನಂತರದ್ದು. ಎರಡು ಮೂರು ವಾರ ಕಳೆದಾಗ ಸಸಿಗಳು ಒತ್ತೊತ್ತಾಗಿ ಗೇಣುದ್ದ ನಿಂತಿರುತ್ತವೆ. ಎಲ್ಲವೂ ಚೆಂದ, ಎಲ್ಲವೂ ಆರೋಗ್ಯ. ಆದರೆ ಬಲವಾದ ದಂಟು ಬೇಕಿದ್ದರೆ ಸಸಿಯಿಂದ ಸಸಿಗೆ ಒಂದು ಅಡಿಯಾದರೂ ಜಾಗ ಬೇಕು. ಹಾಗಾಗಿ ಹತ್ತರಲ್ಲಿ ಎಂಟನ್ನು ಬೇರು ಸಮೇತ ಕಿತ್ತು ತೆಗೆಯಬೇಕು. ಕಿತ್ತದ್ದು ಹಾಳಲ್ಲ, ಆ ಎಳೆ ಹರಿವೆಯ ಪಲ್ಯಕ್ಕೆ ತೆಂಗಿನತುರಿ ಹಾಕಿದರೆ ಮಳೆಗಾಲದ ಗಂಜಿಗೆ ಬೇರೇನೂ ಬೇಡ. ಆದರೂ ಕೀಳುವಾಗ ಮನಸ್ಸು ಹಿಂಜರಿಯುತ್ತದೆ. ನನ್ನ ದಿನಗಳೂ ಹಾಗೆಯೇ ತುಂಬಿದ್ದವು. ಮಹಿಳಾ ಸಂಘ, ಗಾಯನ ಮಂಡಳಿ, ವಾಳೆಯ ಸಭೆಗಳು, ಕಾಯಿಲೆಯವರ ಭೇಟಿ, ಮಕ್ಕಳ ಕ್ರೈಸ್ತ ಶಿಕ್ಷಣದ ತರಗತಿ. ಯಾವುದೂ ತಪ್ಪು ಕೆಲಸವಲ್ಲ. ಒಂದು ಜೂನ್ ತಿಂಗಳಲ್ಲಿ ಹರಿವೆ ಕೀಳುತ್ತ ಕೂತಾಗಲೇ ಎರಡನ್ನು ಇಟ್ಟುಕೊಂಡು ಉಳಿದವನ್ನು ಬೇರೆಯವರಿಗೆ ಬಿಟ್ಟುಕೊಡಲು ತೀರ್ಮಾನಿಸಿದೆ. ಕ್ರೈಸ್ತ ಶಿಕ್ಷಣದ ಮಕ್ಕಳು ಉಳಿದರು, ಕಾಯಿಲೆಯವರ ಭೇಟಿ ಉಳಿಯಿತು. ಎರಡಕ್ಕೂ ದಂಟು ಬಂತು.

ಹರಿವೆ ಮಡಿಯಲ್ಲೇ ಮುಳ್ಳುಹರಿವೆಯೂ ಹುಟ್ಟುತ್ತದೆ. ಸಣ್ಣದಿದ್ದಾಗ ಎರಡಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ, ಮುಳ್ಳು ಮೂಡಿದ ಮೇಲೆಯೇ ಖಾತ್ರಿ. ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಗೋಧಿಯ ನಡುವೆ ಕಳೆ ಬಿತ್ತಿದ ವೈರಿಯ ಕಥೆಯಿದೆಯಲ್ಲ, ಸುಗ್ಗಿಯವರೆಗೆ ಎರಡೂ ಬೆಳೆಯಲಿ ಎಂದು ಯಜಮಾನ ಹೇಳುವುದು. ತೋಟದವರು ಇದನ್ನು ಓದಿ ತಬ್ಬಿಬ್ಬಾಗುತ್ತಾರೆ. ನಾನಂತೂ ಮುಳ್ಳುಹರಿವೆಯನ್ನು ಗುರುತು ಸಿಕ್ಕ ದಿನವೇ ಕೀಳುತ್ತೇನೆ. ಅದೇ ಅಧ್ಯಾಯದಲ್ಲಿ ಮುಂದೆ ಸ್ವಾಮಿಯವರೇ ಹೊಲವೆಂದರೆ ಈ ಲೋಕ, ಕೊಯ್ಯುವವರು ದೇವದೂತರು ಎಂದು ಬಿಡಿಸಿ ಹೇಳಿದ್ದಾರೆ. ಅದು ಮನುಷ್ಯರ ವಿಷಯದ ಮಾತು. ಮನುಷ್ಯರ ನಡುವೆ ಕೀಳುವ ಕೆಲಸ ನನ್ನದಲ್ಲ, ಮಡಿಯಲ್ಲಿ ನನ್ನದು. ಈ ಎರಡನ್ನು ಅದಲುಬದಲು ಮಾಡಿಕೊಂಡ ಊರುಗಳಲ್ಲಿ ನೆಮ್ಮದಿ ಇರುವುದಿಲ್ಲ.

ಜುಲೈ ತಿಂಗಳ ಜಡಿಮಳೆಯಲ್ಲಿ ಮಾಡಲು ಹೆಚ್ಚೇನೂ ಇಲ್ಲ. ಹೀರೆ, ಮುಳ್ಳುಸೌತೆ, ಅಲಸಂಡೆ ಬಳ್ಳಿಗಳನ್ನು ಚಪ್ಪರಕ್ಕೆ ಹತ್ತಿಸುವುದು, ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಬಿಡಿಸುವುದು, ಸಂಜೆ ಬಸವನಹುಳು ಹೆಕ್ಕುವುದು. ಬಿತ್ತಿದವನು ರಾತ್ರಿ ಮಲಗಿ ಬೆಳಿಗ್ಗೆ ಏಳುತ್ತಿರುತ್ತಾನೆ, ಬೀಜ ಬೆಳೆದದ್ದು ಹೇಗೆಂದು ಅವನಿಗೇ ತಿಳಿಯದು ಎನ್ನುವ ಮಾರ್ಕನ 4ನೇ ಅಧ್ಯಾಯವನ್ನು ನಾನು ಓದುವುದು ಈ ತಿಂಗಳಲ್ಲಿ.

ಇನ್ನು ಬೆಂಡೆ. ನಮ್ಮ ಕಡೆಯ ಊರ ಬೆಂಡೆ ಬಿಳಿಚು ಹಸಿರು, ಉದ್ದ, ದಪ್ಪ. ಅಂಗಡಿಯ ಬೆಂಡೆಗೆ ಐದು ಏಣಾದರೆ ಇದಕ್ಕೆ ಎಂಟು. ಹೈಬ್ರಿಡ್ ಬೀಜದಿಂದ ಬಂದ ಗಿಡದ ಬೀಜ ಇಟ್ಟರೆ ಮುಂದಿನ ವರ್ಷ ತಾಯಿಯಂತೆ ಬರುವುದಿಲ್ಲ, ಊರ ಬೆಂಡೆಯ ಬೀಜವಾದರೆ ತಾಯಿಯಂತೆಯೇ ಬರುತ್ತದೆ. ಆದ್ದರಿಂದ ಬೀಜ ಕಾಪಾಡುವುದು ಮನೆಯವರದ್ದೇ ಹೊಣೆ. ಈ ಹೊಣೆ ಅತ್ತೆಯದ್ದಾಗಿತ್ತು. ಕಾಯಿ ಬಿಡಲು ತೊಡಗಿದ ಮೇಲೆ ಅವರು ದಿನಾ ಬೆಳಿಗ್ಗೆ ಗಿಡಗಳ ನಡುವೆ ಒಂದು ಸುತ್ತು ಹಾಕುತ್ತಿದ್ದರು. ಎಲ್ಲಕ್ಕಿಂತ ಗಟ್ಟಿಯಾದ ಗಿಡ ಯಾವುದು, ಬೇಗ ಕಾಯಿ ಬಿಟ್ಟದ್ದು ಯಾವುದು, ರೋಗ ತಾಗದೆ ನಿಂತದ್ದು ಯಾವುದು ಎಂದು ನೋಡಿ, ಅದರ ನೇರವಾದ, ತುಂಬಿದ ಕಾಯಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಪಲ್ಯಕ್ಕೆ ಕಾಯಿ ಕಡಿಮೆ ಬಿದ್ದ ದಿನವೂ ಅದನ್ನು ಕೊಯ್ಯುವಂತಿಲ್ಲ. "ಅದು ಬೀಜದ್ದು. ನಾವು ಉಳಿದದ್ದು ತಿನ್ನುವ."

ಇದರ ಬೆಲೆ ತೋಟದವರಿಗೆ ಗೊತ್ತು. ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಎಳೆಯದಾಗಿ ಕೊಯ್ಯುತ್ತಿದ್ದರೆ ಗಿಡ ಹೂ ಬಿಡುತ್ತಲೇ ಇರುತ್ತದೆ. ಕಾಯಿಯನ್ನು ಬಲಿಯಲು ಬಿಟ್ಟಿರೋ, ಗಿಡ ತನ್ನ ಶಕ್ತಿಯನ್ನೆಲ್ಲ ಆ ಬೀಜಕ್ಕೆ ಹರಿಸಿ ಹೊಸ ಕಾಯಿ ಬಿಡುವುದನ್ನು ತಗ್ಗಿಸುತ್ತದೆ. ಅಂದರೆ ಅತ್ಯುತ್ತಮ ಗಿಡವನ್ನೇ ನಾವು ಊಟದ ಲೆಕ್ಕದಿಂದ ತೆಗೆದಿಡುತ್ತೇವೆ. ಹೂ ಬಿಟ್ಟು ಒಂದು ತಿಂಗಳ ಮೇಲೆ ಕಾಯಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮಳೆಗೆ ಕೊಳೆಯದಂತೆ ಅಷ್ಟರಲ್ಲಿ ಕೊಯ್ದು ಒಲೆಯ ಮೇಲೆ ಹೊಗೆ ತಾಗುವಲ್ಲಿ ತೂಗುಹಾಕಬೇಕು. ಪೂರ್ತಿ ಒಣಗಿದಾಗ ಏಣುಗಳ ಉದ್ದಕ್ಕೂ ತಾನಾಗಿ ಬಿರಿಯುತ್ತದೆ. ಒಳಗೆ ಒಂದೊಂದು ಖಾನೆಯಲ್ಲೂ ಸಾಲಾಗಿ ಕೂತ ಬೂದು ಹಸಿರು ಬೀಜಗಳು, ಮೇಲೆ ನವಿರಾದ ರೋಮ. ಗೋಧಿಯ ಕಾಳು ನೆಲಕ್ಕೆ ಬಿದ್ದು ಸಾಯದಿದ್ದರೆ ಒಂದೇ ಆಗಿ ಉಳಿಯುತ್ತದೆ ಎಂದು ಯೊವಾನ್ನನ 12ನೇ ಅಧ್ಯಾಯದಲ್ಲಿದೆ. ಆ ಮಾತಿನಲ್ಲಿ ನಾನು ಎಂದೂ ಗಮನಿಸದೆ ಇದ್ದದ್ದು ಏನೆಂದರೆ, ರೈತ ನೆಲಕ್ಕೆ ಹಾಕುವ ಕಾಳು ಅವನ ಬಳಿ ಇರುವ ಕಾಳುಗಳಲ್ಲೇ ಒಳ್ಳೆಯದು. ಜೊಳ್ಳನ್ನು ಯಾರೂ ಬಿತ್ತುವುದಿಲ್ಲ. ತಂದೆಯಾದ ದೇವರು ಲೋಕಕ್ಕೆ ಕೊಟ್ಟದ್ದೂ ತನ್ನ ಏಕೈಕ ಪುತ್ರನನ್ನೇ.

ನನ್ನ ನಾದಿನಿ ಕನ್ಯಾಮಠ ಸೇರಿದವರು. ಮನೆಯ ಮಕ್ಕಳಲ್ಲಿ ಓದಿನಲ್ಲಿ, ಕೆಲಸದಲ್ಲಿ, ಮಾತಿನಲ್ಲಿ ಚುರುಕಿನವಳು ಅವಳೇ ಆಗಿದ್ದಳಂತೆ. ಕಳುಹಿಸಲು ಮನಸ್ಸು ಹೇಗೆ ಬಂತು ಎಂದು ಒಮ್ಮೆ ಬೆಂಡೆ ಬೀಜ ಬಿಡಿಸುತ್ತ ಕೇಳಿದ್ದೆ. ಅತ್ತೆ ತುಸು ಹೊತ್ತು ಸುಮ್ಮನಿದ್ದು, "ದೇವರು ಕೇಳುವಾಗ ಸೊಟ್ಟ ಕಾಯಿ ಕೊಡಲಿಕ್ಕಾಗುತ್ತದಾ ಮಗಾ?" ಎಂದರು. ಅವರು ದುಃಖಪಟ್ಟಿಲ್ಲ ಎಂದೇನೂ ಇಲ್ಲ. ಮೊದಲ ವರ್ಷ ಮೊಂತಿ ಹಬ್ಬದ ಊಟಕ್ಕೆ ಕೂತಾಗ ತುಂಬ ಅತ್ತಿದ್ದರೆಂದು ಮಾವ ಹೇಳಿದ್ದರು.

ಮೊಂತಿ ಹಬ್ಬವೆಂದರೆ ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ, ಕರಾವಳಿಯ ಕ್ರೈಸ್ತರಿಗೆ ತೆನೆ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನ ಪ್ರಾರ್ಥನೆ. ಮಕ್ಕಳು ಬೆಳಿಗ್ಗೆ ಎದ್ದು ಹಿತ್ತಿಲಿನ, ಬೇಲಿಯ ಹೂಗಳನ್ನೆಲ್ಲ ಬುಟ್ಟಿಗೆ ಹಾಕಿಕೊಂಡು ಇಗರ್ಜಿಗೆ (ಚರ್ಚಿಗೆ) ಓಡುತ್ತಾರೆ, ಮಾತೆಯ ಪ್ರತಿಮೆಯ ಮುಂದೆ ಸುರಿಯುತ್ತಾರೆ. ದಾಸವಾಳ, ಗೋರಂಟಿ, ಡೇರೆ, ಕೊನೆಗೆ ಬೇಲಿಯ ಕಾಡುಹೂವೂ. ಮನೆಯಲ್ಲಿ ಹೂ ಉಳಿಯಲಿ ಎಂದು ಯಾರೂ ಅಡ್ಡ ಬರುವುದಿಲ್ಲ. ಹಬ್ಬದ ದಿನ ಧರ್ಮಗುರುಗಳು ಹೊಸ ತೆನೆ ಆಶೀರ್ವದಿಸುತ್ತಾರೆ, ಮನೆಗೊಂದರಂತೆ ತೆನೆ ಕೊಡುತ್ತಾರೆ. ಅದರ ಕಾಳು ಸುಲಿದು ಪುಡಿ ಮಾಡಿ ತೆಂಗಿನಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಮಾಡಿ ಎಲ್ಲರೂ ಸ್ವಲ್ಪ ಸ್ವಲ್ಪ ಕುಡಿದ ಮೇಲೆಯೇ ಊಟ. ಬಾಳೆಲೆಯ ಮೇಲೆ ಅಂದು ಮೀನಿಲ್ಲ, ಮಾಂಸವಿಲ್ಲ. ತರಕಾರಿ ಬಗೆಗಳು ಮಾತ್ರ, ಬೆಸ ಸಂಖ್ಯೆಯಲ್ಲಿ. ಹರಿವೆ ದಂಟು, ಕೆಸು, ಬೆಂಡೆ, ಹೀರೆ, ಹಾಗಲ, ಅಲಸಂಡೆ, ಅಮಟೆಕಾಯಿ. ಮಳೆಗಾಲದ ಹಿತ್ತಿಲು ಅಷ್ಟೂ ಎಲೆಯ ಮೇಲೆ.

ನಮ್ಮ ಮನೆಯ ಪದ್ಧತಿಯಲ್ಲಿ ಹಬ್ಬದ ಹಿಂದಿನ ದಿನ ಕೊಯ್ದದ್ದನ್ನು ಅಂಗಳದಲ್ಲಿ ಹರಡಿ ಮೊದಲು ಪಾಲು ಮಾಡುತ್ತೇವೆ. ಇಗರ್ಜಿಗೆ ಒಂದು ಬುಟ್ಟಿ, ಪಕ್ಕದ ಮನೆಯ ಅಕ್ಕನಿಗೆ ಒಂದು, ತೋಟವಿಲ್ಲದ ಎರಡು ಮನೆಗಳಿಗೆ. ಆಮೇಲೆ ನಮ್ಮದು. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಪ್ರಥಮ ಫಲವನ್ನು ಪುಟ್ಟಿಯಲ್ಲಿಟ್ಟು ತನ್ನಿ ಎಂಬ ಅಪ್ಪಣೆಯ ಜೊತೆಗೇ ಲೇವಿಯರೂ ನಿಮ್ಮ ನಡುವಿನ ಪರದೇಶಿಗಳೂ ನಿಮ್ಮೊಡನೆ ಸಂತೋಷಪಡಲಿ ಎಂದಿದೆ. ಹೆಚ್ಚಾದದ್ದನ್ನು ಕೊಡುವುದು ಸುಲಭ. ಸೆಪ್ಟೆಂಬರ್ ಕೊನೆಗೆ ಹೀರೆಕಾಯಿ ಮಿಕ್ಕು ಹೋಗುವಾಗ ಎಲ್ಲರೂ ಕೊಡುತ್ತಾರೆ. ಎಲ್ಲರಿಗೂ ಆಸೆಯಿರುವ ಮೊದಲ ಕೊಯ್ಲನ್ನು ಕೊಡುವಾಗ ಮಾತ್ರ ಕೈ ಒಂದು ಕ್ಷಣ ತಡೆಯುತ್ತದೆ. ಆ ತಡೆ ಇರುವಲ್ಲೇ ಕಾಣಿಕೆ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ.

ಮಳೆ ಕಡಿಮೆಯಾದ ಮೇಲೆ ಮಲ್ಲಿಗೆಯ ಸರದಿ. ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆದೇ ಮಕ್ಕಳನ್ನು ಓದಿಸಿದ ಕ್ರೈಸ್ತ ಮನೆಗಳು ಬಹಳ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತದೆ. ನಮ್ಮಲ್ಲಿ ಇರುವುದು ಕೆಲವೇ ಬುಡ. ಮಲ್ಲಿಗೆಯ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಕಳೆದ ವರ್ಷ ಹೂ ಕೊಟ್ಟ ಗೆಲ್ಲನ್ನೇ ಸವರಬೇಕು. ಒಣಗಿದ್ದನ್ನು, ಒಂದಕ್ಕೊಂದು ತಿಕ್ಕುವುದನ್ನು ತೆಗೆದ ಮೇಲೆ ಹಸಿರು ಗೆಲ್ಲುಗಳ ತುದಿಗೂ ಕತ್ತರಿ ಹಾಕುತ್ತೇನೆ. ಬುಡ ಬಿಡಿಸಿ ಹಟ್ಟಿಗೊಬ್ಬರ, ನೆಲಗಡಲೆ ಹಿಂಡಿ ಕೊಟ್ಟು ಮಣ್ಣು ಮುಚ್ಚುತ್ತೇನೆ. ಒಂದೆರಡು ವಾರ ಗಿಡ ನೋಡಲಾಗದಂತೆ ಬೋಳಾಗಿರುತ್ತದೆ. ಯೊವಾನ್ನನ 15ನೇ ಅಧ್ಯಾಯದಲ್ಲಿ ಫಲ ಕೊಡದ ಕವಲಿನ ಗತಿ ಎಲ್ಲರಿಗೂ ನೆನಪಿರುತ್ತದೆ. ಫಲ ಕೊಡುವ ಕವಲನ್ನೂ ತೋಟಗಾರನಾದ ತಂದೆ ಸವರುತ್ತಾನೆ ಎಂಬುದು ಅದರ ಮುಂದಿನ ಮಾತು. ಯಾವ ತಪ್ಪೂ ಮಾಡದ ಒಳ್ಳೆಯವರಿಗೆ ಯಾಕೆ ಹೀಗಾಯಿತು ಎಂದು ಸಾವಿನ ಮನೆಯಲ್ಲಿ ಜನ ಕೇಳುವಾಗ ನಾನು ಈ ವಾಕ್ಯ ಹೇಳಲು ಹೋಗುವುದಿಲ್ಲ. ಗಾಯದ ಮೇಲೆ ಉಪದೇಶ ಸುರಿಯಬಾರದು. ನನ್ನ ಸ್ವಂತ ಬದುಕಿನ ಮೇಲೆ ಕತ್ತರಿ ಬಿದ್ದಾಗ ಮಾತ್ರ ಅದನ್ನು ಹಿಡಿದುಕೊಂಡಿದ್ದೇನೆ.

ಮತ್ತೆ ಬೇಸಗೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಮುಂಚೆ ಹಿಂದಿನ ವರ್ಷದ ಗರಿಗಳ ಭಾನುವಾರದ ತೆಂಗಿನ ಗರಿಗಳನ್ನು ಶಿಲುಬೆಯ ಹಿಂದಿನಿಂದ ತೆಗೆದು ಇಗರ್ಜಿಗೆ ಮುಟ್ಟಿಸುತ್ತೇವೆ, ಅದೇ ಸುಟ್ಟು ಹಣೆಯ ಬೂದಿಯಾಗುತ್ತದೆ. ಆ ದಿನಗಳಲ್ಲೇ ಹಿತ್ತಿಲಲ್ಲಿ ಸುಡುಮಣ್ಣು ಮಾಡುವ ಕೆಲಸ. ತರಗೆಲೆ, ಚೂರುಕಡ್ಡಿ ಒಟ್ಟಿ ಮೇಲೆ ಮಣ್ಣು ಹರಡಿ ಬೆಂಕಿ ಕೊಟ್ಟರೆ ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ಕಳೆಬೀಜ, ಹುಳದ ಮೊಟ್ಟೆ ಸಾಯುತ್ತವೆ, ಬೂದಿಯ ಸಾರ ಮಣ್ಣಿಗೆ ಸೇರುತ್ತದೆ. ಎಲ್ಲ ತರಗೆಲೆಯನ್ನೂ ನಾನು ಸುಡುವುದಿಲ್ಲ, ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ. ಅರ್ಧ ಗುಂಡಿಗೆ ಹಾಕಿ ಗೊಬ್ಬರ ಮಾಡುತ್ತೇನೆ.

ಬೆಂಗಳೂರಿನ, ದುಬೈಯ ಫ್ಲಾಟಿನಲ್ಲಿರುವ ನೆಂಟರು ಇದನ್ನೆಲ್ಲ ಕೇಳಿ, ನಮಗೆ ಹಿತ್ತಿಲು ಎಲ್ಲಿಂದ ಬರಬೇಕು ಎನ್ನುತ್ತಾರೆ. ಬಾಲ್ಕನಿಗೆ ಆರು ಗಂಟೆಯಾದರೂ ಬಿಸಿಲು ಬಿದ್ದರೆ ಸಾಕು. ಅಡಿಯಲ್ಲಿ ತೂತಿರುವ ಒಂದು ದೊಡ್ಡ ಕುಂಡ, ಒಂದು ಪಾಲು ಮಣ್ಣು, ಒಂದು ಪಾಲು ಗೊಬ್ಬರ. ಊರ ಬೆಂಡೆಯ ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ ಬೆಳಿಗ್ಗೆ ಮೂರು ಊರಿ. ಮೂರೂ ಮೊಳೆತರೆ ಒಂದನ್ನು ಉಳಿಸಿ. ಕಾಯಿ ಬರುವಾಗ ಎರಡನೆಯದನ್ನೋ ಮೂರನೆಯದನ್ನೋ ನೋಡಿ, ಚೆನ್ನಾಗಿರುವುದಕ್ಕೆ ದಾರ ಕಟ್ಟಿ ಬಿಟ್ಟುಬಿಡಿ. ಒಣಗಿದ ಮೇಲೆ ಬೀಜ ಬಿಡಿಸಿ, ಬೂದಿ ಬೆರೆಸಿ, ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಳಕ್ಕೆ ವರ್ಷ ಬರೆಯಿರಿ. ಒಂದು ಕಾಯಿಯ ಬೀಜದಿಂದ ನಿಮ್ಮ ಕುಂಡಕ್ಕೆ ಬೇಕಾಗುವುದು ಮೂರು. ಉಳಿದದ್ದನ್ನು ಸಣ್ಣ ಪೊಟ್ಟಣ ಕಟ್ಟಿ ಭಾನುವಾರ ಬಲಿಪೂಜೆಗೆ ಹೋಗುವಾಗ ಕೈಚೀಲದಲ್ಲಿಟ್ಟುಕೊಳ್ಳಿ, ಕೇಳಿದವರಿಗೆ ಕೊಡಿ.